ನಮ್ಮ ಮಾವನಿಗೇ ಮತ ನೀಡಿ

ಪ್ರಜಾಪ್ರಭುತ್ವಕ್ಕೆ ಯಾರಿಂದ ಅಪಾಯ ಎಂದು ಟೀವಿಯಲ್ಲಿ ದಿನಾ ಸಂಜೆ ನಾಲ್ಕು ಜನ ಟೈ ಕಟ್ಟಿಕೊಂಡು ಕೂತು ಚರ್ಚಿಸುತ್ತಾರೆ. ಒಬ್ಬ ಹಣವಂತರಿಂದ ಎನ್ನುತ್ತಾನೆ, ಇನ್ನೊಬ್ಬ ಪರದೇಶದವರಿಂದ ಎನ್ನುತ್ತಾನೆ, ಉಳಿದಿಬ್ಬರು ಪರಸ್ಪರ ಬೆರಳು ತೋರಿಸುತ್ತಾರೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಸ್ವಾಮಿ, ಅಪಾಯ ನಮ್ಮ ಮನೆಯ ಅಡುಗೆಕೋಣೆಯಲ್ಲಿದೆ, ಸದ್ಯ ಒಲೆಗೆ ಬೆರಣಿ ಹಾಕುತ್ತಿದೆ, ನನ್ನನ್ನು ಮದುವೆಯಾಗಿ ಮೂವತ್ತೆಂಟು ವರ್ಷವಾಯಿತು ಅಂತ.

ನಮ್ಮ ಕಾಶ್ಕಾ-ಬುಲಾಕ್‌ನ ಕೆಳಬೀದಿಗೆ ಹೊಸ ಮುಖಂಡನನ್ನು ಆರಿಸಬೇಕಿತ್ತು. ಇದು ರಾಜಧಾನಿ ಬಿಷ್ಕೆಕ್‌ನ ಸಂಸತ್ತಿನ ಚುನಾವಣೆಯಲ್ಲ. ಪೆಟ್ಟಿಗೆ, ಪರದೆ, ಚೀಟಿ ಯಾವುದೂ ಇಲ್ಲ. ಬೀದಿಯವರೆಲ್ಲ ಶಾಲೆಯ ಸಭಾಂಗಣದಲ್ಲಿ ಸೇರುವುದು, ಒಬ್ಬೊಬ್ಬರೇ ಎದ್ದು ನಿಂತು ತಮಗೆ ಬೇಕಾದವರ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿ ಕೂರುವುದು, ಅಷ್ಟೆ. ಯಾವಾಗಲೂ ಯಾರಿಗೂ ಬೇಡವಾಗಿದ್ದ ಈ ಹುದ್ದೆಗೆ ಈ ವರ್ಷ ಇದ್ದಕ್ಕಿದ್ದಂತೆ ಕೋಡು ಮೂಡಿತ್ತು. ಯಾಕೆಂದರೆ ಜಿಲ್ಲೆಯವರು ನಮ್ಮ ಬೀದಿಗೆ ನೀರಿನ ಕೊಳವೆ ಮಂಜೂರು ಮಾಡಿದ್ದರು. ಅದು ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ತೋರಿಸುವವನು ಮುಖಂಡ.

ಈಗಿನ ಮುಖಂಡ ತೆಮಿರ್‌ಕುಲ್ ಬೇರೆ ಕಣಿವೆಯಿಂದ ಬಂದವನು. ಬೀದಿಯ ತುದಿಯಲ್ಲಿ ಕಾರು ತೊಳೆಯುವ ಅಂಗಡಿ ಇಟ್ಟಿದ್ದಾನೆ. ಕೊಳವೆ ಮೊದಲು ಅವನ ಅಂಗಡಿಗೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ ಎಂದು ಊರಿಗೆಲ್ಲ ಗೊತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬೀದಿಯ ಕಾರುಗಳು ಫಳಫಳ ಹೊಳೆಯಬೇಕು, ನಾವು ಮಾತ್ರ ಪಾಪ್ಲರ್ ತೋಪಿನಾಚೆಯ ಬುಗ್ಗೆಯಿಂದ ಬಕೆಟ್ಟಿನಲ್ಲಿ ನೀರು ಹೊರಬೇಕು. (ನಾವು ಎಂದರೆ ನಮ್ಮ ಹೆಂಗಸರು. ಹೋರಾಟದ ಭಾಷೆಯಲ್ಲಿ ನಾವು ಎಂದೇ ಹೇಳುವುದು.)

ಹೀಗಾಗಿ ನಾನು ಕಣಕ್ಕಿಳಿದೆ. ಕೆಳಬೀದಿ ಬಹುಪಾಲು ನಮ್ಮ ವಂಶದ್ದೇ. ವಯಸ್ಸಿನಲ್ಲಿ ನನಗಿಂತ ಹಿರಿಯರು ಬೆರಳೆಣಿಕೆಯಷ್ಟು. ಎಂದ ಮೇಲೆ ಬೀದಿಯ ಹೆಂಗಸರಲ್ಲಿ ಹೆಚ್ಚಿನವರಿಗೆ ನಾನು ಒಂದೋ ಭಾವ, ಇಲ್ಲವೇ ಮಾವ. ನಾನು ಎದುರಿಗೆ ಬಂದರೆ ತಲೆವಸ್ತ್ರ ಸರಿಮಾಡಿಕೊಂಡು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಇಷ್ಟು ಗಟ್ಟಿಯಾದ ಮತಬ್ಯಾಂಕು ರಾಜಧಾನಿಯ ದೊಡ್ಡ ದೊಡ್ಡ ಪಕ್ಷಗಳಿಗೂ ಇರಲಾರದು ಎಂದು ನಾನು ಒಳಗೊಳಗೇ ಹಿಗ್ಗಿದೆ.

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದಳು ನನ್ನ ಹೆಂಡತಿ, ಹಿಟ್ಟು ನಾದುತ್ತಾ. "ನಮ್ಮ ಬೇಲಿ ಬಿದ್ದು ಎರಡು ಚಳಿಗಾಲ ಆಯ್ತು. ಅದನ್ನ ಎತ್ತಿ ನಿಲ್ಲಿಸಿ, ಆಮೇಲೆ ನೀವು ನಿಂತ್ಕೊಳ್ಳಿ."

"ನಿನಗೆ ರಾಜಕೀಯ ಅರ್ಥವಾಗೋದಿಲ್ಲ."

"ಬೇಲಿ ಅರ್ಥವಾಗತ್ತೆ."

ಈ ಕಾಲದಲ್ಲಿ ಮನುಷ್ಯ ಒಳ್ಳೆಯವನಾಗಿದ್ದರೆ ಸಾಲದು, ಅದನ್ನು ಫಲಕದಲ್ಲಿ ಬರೆಸಬೇಕು. ರಾಜಧಾನಿಯ ರಸ್ತೆಗಳಲ್ಲಿ ನೋಡಿದ್ದೇನೆ. ಹಿಂದೆ ಹಿಮದ ಬೆಟ್ಟ, ಮುಂದೆ ಗಲ್ಲಕ್ಕೆ ಮುಷ್ಟಿ ಆನಿಸಿಕೊಂಡ ಅಭ್ಯರ್ಥಿ, ಬೆಟ್ಟವನ್ನು ತಾನೇ ತಂದು ನಿಲ್ಲಿಸಿದ ಮುಖಭಾವ. ನಾನೂ ಪಕ್ಕದ ಮನೆಯ ಕುದುರೆ ಹತ್ತಿ, ಬಿಳಿ ಕಲ್ಪಾಕ್ ಟೋಪಿ ಇಟ್ಟುಕೊಂಡು, ದಿಗಂತದ ಕಡೆ ನೋಡುತ್ತಾ ಫೋಟೋ ತೆಗೆಸಿಕೊಂಡೆ. (ದಿಗಂತದಲ್ಲಿ ಪಕ್ಕದ ಮನೆಯವನು ನಿಂತು "ಬೇಗ ಇಳೀರಿ, ಅದಕ್ಕೆ ಕಾಲು ನೋವು" ಎನ್ನುತ್ತಿದ್ದ.) ಫೋಟೋವನ್ನು ಸೊಸೆ ಐಜಾರ್ಕಿನ್‌ಳ ಕೈಗೆ ಕೊಟ್ಟು, ಪಟ್ಟಣದ ಮುದ್ರಣದಂಗಡಿಗೆ ಕಳಿಸಿ ಫೋನಿನಲ್ಲೇ ವಿಷಯ ಹೇಳಮ್ಮ, ‘ಬದಲಾವಣೆಗಾಗಿ’ ಅಂತ ಬರೆದು ಕೆಳಗೆ ನನ್ನ ಹೆಸರು ಹಾಕಿಸಿ ಮತ ಕೇಳಲಿ ಎಂದೆ. ಹುಡುಗಿ ಬುದ್ಧಿವಂತೆ, ನರ್ಸಿಂಗ್ ಓದಿದವಳು.

ಬ್ಯಾನರ್ ಬಂತು. ಬಿಚ್ಚಿ ಗೇಟಿಗೆ ಕಟ್ಟಿ, ದೂರ ನಿಂತು ಓದಿದೆ. ಕುದುರೆ ಇತ್ತು, ನಾನಿದ್ದೆ, ಕೆಳಗೆ ಆಳೆತ್ತರದ ಅಕ್ಷರಗಳಲ್ಲಿ ಹೀಗಿತ್ತು: ಬದಲಾವಣೆಗಾಗಿ ನಮ್ಮ ಮಾವನಿಗೇ ಮತ ನೀಡಿ.

"ಏನಮ್ಮ ಇದು?" ಎಂದೆ.

"ಅವನು ಹೆಸರು ಹೇಳಿ, ಹೆಸರು ಹೇಳಿ ಅಂತ ಪಟ್ಟು ಹಿಡಿದ, ಮಾವ," ಎಂದಳು ಸೊಸೆ, ತಲೆ ತಗ್ಗಿಸಿ. "ನಾನು ಹೇಗೆ ಹೇಳಲಿ? ನಮ್ಮ ಮಾವ ಅಂದೆ. ಸರಿ ಅಂದ."

"ಬರೆದು ಕಳಿಸಬಹುದಿತ್ತಲ್ಲ."

"ಹೌದಲ್ವಾ," ಎಂದಳು.

ತಪ್ಪು ಅವಳದಲ್ಲ. ನಮ್ಮಲ್ಲಿ ಮನೆಗೆ ಬಂದ ಸೊಸೆ ಗಂಡನ ಹೆಸರನ್ನಾಗಲಿ, ಗಂಡನ ಕಡೆಯ ಹಿರಿಯರ ಹೆಸರನ್ನಾಗಲಿ ಸಾಯುವತನಕ ಬಾಯಿಬಿಟ್ಟು ಹೇಳುವಂತಿಲ್ಲ. ನನ್ನ ಅಜ್ಜಿಗೆ ಗಂಡನ ಕಡೆ ಎಂಟು ಜನ ಭಾವಂದಿರು. ಅವರ ಹೆಸರುಗಳನ್ನೆಲ್ಲ ತಪ್ಪಿಸಿ ಮಾತಾಡಬೇಕಾಗಿ, ಬೆಂಕಿ ಬಿದ್ದರೂ ಯಾರ ಮನೆಗೆ ಅಂತ ಹೇಳಲು ಅರ್ಧ ಗಂಟೆ ಹಿಡಿಯುತ್ತಿತ್ತಂತೆ.

ನನ್ನ ಹೆಂಡತಿ ಬಾಗಿಲಿಗೆ ಬಂದು ಬ್ಯಾನರನ್ನು ನಿಧಾನವಾಗಿ ಓದಿದಳು. "ಇರಲಿ ಬಿಡ್ರೀ. ಸುಳ್ಳೇನೂ ಬರೆದಿಲ್ಲವಲ್ಲ. ಅದರಲ್ಲಿ ನಿಮ್ಮ ಸ್ವಂತದ್ದು ಅಂತ ಇರೋದು ಸೊಸೆ ಒಬ್ಬಳೇ. ಕುದುರೆ ಪಕ್ಕದ ಮನೇದು."

ಆದರೆ ಮಹಾಪುರುಷರು ಒಂದು ಬ್ಯಾನರಿಗೆಲ್ಲ ಎದೆಗುಂದುವುದಿಲ್ಲ. ಕಾಗದ, ಬಟ್ಟೆಗಳ ಕಾಲ ಮುಗಿಯಿತು, ಇದು ವಿಡಿಯೋ ಯುಗ ಎಂದು ಟೀವಿಯ ಟೈಗಳು ಹೇಳಿದ್ದು ನೆನಪಾಯಿತು. ಅಭ್ಯರ್ಥಿ ತನ್ನನ್ನು ತಾನೇ ಹೊಗಳಿಕೊಂಡರೆ ಯಾರೂ ನಂಬುವುದಿಲ್ಲ, ಸಾಮಾನ್ಯ ಪ್ರಜೆಯೊಬ್ಬಳು ತನ್ನ ಮನದಾಳದಿಂದ ಹೊಗಳಬೇಕು. ಸಾಮಾನ್ಯ ಪ್ರಜೆ ನಮ್ಮ ಅಡುಗೆಕೋಣೆಯಲ್ಲೇ ಬೋರ್ಸೋಕ್ ಹಿಟ್ಟಿನ ತುಂಡು ಕರಿಯುತ್ತಿದ್ದಳು. ಸೊಸೆ ಫೋನ್ ಹಿಡಿದಳು. ನಾನು ನಿರ್ದೇಶಕನಾದೆ.

"ಬರೀ ಒಂದು ಮಾತು ಸಾಕು. ‘ನನ್ನ ಮತ ಶಾರ್ಶೆನ್‌ಗೆ’ ಅನ್ನು."

"ಯಾರಿಗೆ?"

"ನನಗೆ."

"ಹಾಗನ್ನಿ ಮತ್ತೆ. ಆ ಹೆಸರು ನಾನು ಹೇಳೋಲ್ಲ."

"ಇದು ಆಧುನಿಕ ಯುಗ ಕಣೇ. ಪ್ರಜೆಗಳು ಬಾಯಿ ಬಿಡಬೇಕು."

"ಬಾಯಿ ಬಿಡ್ತೀನಿ. ಹೆಸರು ಬಿಡೋಲ್ಲ. ಸತ್ತ ನಿಮ್ಮಮ್ಮ ಮೇಲಿಂದ ಕೇಳಿಸ್ಕೋತಾರೆ. ಬದುಕಿದ್ದಾಗ ಅವರ ಕೈಲಿ ಅನ್ನಿಸಿಕೊಂಡದ್ದು ಸಾಕಾಗಿದೆ ನನಗೆ."

"ಹೆಸರಿಲ್ಲದೆ ಜಾಹೀರಾತು ಹೇಗಾಗುತ್ತೆ? ನೀನು ಪ್ರಜಾಪ್ರಭುತ್ವಕ್ಕೆ ಅಡ್ಡ ನಿಂತಿದ್ದೀಯ."

"ಎಣ್ಣೆ ಕಾದಿದೆ. ನೀವೇ ಅಡ್ಡ ನಿಂತಿದ್ದೀರಿ, ಸರೀರಿ."

ಕೊನೆಗೆ ನಾನೇ ಸೋತು, ಹೆಸರು ಬೇಡ, ನೀರಿನ ಬಗ್ಗೆಯಾದರೂ ನಾಲ್ಕು ಮಾತು ಹೇಳು ಎಂದೆ. ಅವಳು ಜಾಲರಿ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಫೋನಿನ ಕಡೆ ತಿರುಗಿದಳು.

"ನಮ್ಮ ಮನೆಯವರು ನಿಂತಿದ್ದಾರೆ. ಒಳ್ಳೆಯವರು. ಕುಡಿಯೋಲ್ಲ, ಹೊಡೆಯೋಲ್ಲ, ಮಾತಾಡ್ತಾರೆ. ಈ ಬೀದಿಯ ಗಂಡಸರು ವರ್ಷಗಟ್ಟಲೆಯಿಂದ ನೀರಿನ ವಿಷಯ ಮಾತಾಡ್ತಿದ್ದಾರೆ, ಮಾತಾಡಿ ಗಂಟಲು ಒಣಗಿದ್ರೆ ಕುಡಿಯೋಕೆ ನಾವು ತಂದ ನೀರೇ ಆಗಬೇಕು. ಒಂದೇ ಒಂದು ವಾರ ಬಕೆಟ್ಟು ಇವರ ಕೈಗೆ ಕೊಟ್ಟು ನೋಡಿ. ಕೊಳವೆ ತಾನೇ ನಡ್ಕೊಂಡು ಬರತ್ತೆ. ಕಾರಿಗೆ ಬಾಯಾರಿಕೆ ಆಗತ್ತಾ? ಮೊದಲು ಮನೆಗೆ, ಆಮೇಲೆ ಚಕ್ರಕ್ಕೆ. ನನಗಂತೂ ಭುಜ ಸೋತು ಹೋಗಿದೆ. ಅಷ್ಟೆ. ನಿಲ್ಲಿಸಮ್ಮ, ಕರಕಲಾಗ್ತಿದೆ."

ಅಭ್ಯರ್ಥಿಯ ಗುಣಗಾನ ಸ್ವಲ್ಪ ಕಡಿಮೆಯಾಯಿತು ಎನ್ನಿಸಿತು. ಇರಲಿ ಎಂದು ಬೀದಿಯ ಫೋನ್ ಗುಂಪಿಗೆ ಹಾಕಿಸಿದೆ. ರಾತ್ರಿ ಬೆಳಗಾಗುವಷ್ಟರಲ್ಲಿ ಅದು ಮೇಲಿನ ಬೀದಿಗೂ ಪಕ್ಕದ ಹಳ್ಳಿಗೂ ಹೋಗಿ, ರಷ್ಯಾದಲ್ಲಿ ದುಡಿಯುತ್ತಿರುವ ನಮ್ಮೂರ ಹುಡುಗರಿಂದಲೂ ತಿರುಗಿ ಬಂತು. ಸಂತೆಯಲ್ಲಿ ಕುರಿ ಮಾರುವವನು "ನೋಡಿದೆ ನೋಡಿದೆ" ಎಂದು ಕೈ ಕುಲುಕಿದ. ಹೆಂಗಸರು ನನ್ನನ್ನು ಕಂಡು ತಲೆವಸ್ತ್ರದೊಳಗೇ ನಕ್ಕರು. ಅದನ್ನು ನಾನು ಜನಬೆಂಬಲ ಎಂದು ತಿಳಿದೆ. ಗೆದ್ದ ಮೇಲೆ ಮಾಡಬೇಕಾದ ಭಾಷಣವನ್ನು ದನದ ಕೊಟ್ಟಿಗೆಯಲ್ಲಿ ನಿಂತು ಅಭ್ಯಾಸ ಮಾಡಿದೆ, ಹಸು ಗಂಭೀರವಾಗಿ ಕೇಳಿಸಿಕೊಂಡಿತು.

ಸಭೆಯ ದಿನ ಸಭಾಂಗಣ ತುಂಬಿತ್ತು. ಅಧ್ಯಕ್ಷತೆ ನಿವೃತ್ತ ಹೆಡ್‌ಮಾಸ್ಟರ್ ಬೆಕ್ತುರ್ ಅಜ್ಜನದು. ನಿಯಮ ಓದಿದರು. ಬೀದಿಯವರು ಯಾರ ಹೆಸರನ್ನಾದರೂ ಹೇಳಬಹುದು, ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಬೇಕು, ಸಮ ಬಂದರೆ ಈಗಿರುವ ಮುಖಂಡನೇ ಮುಂದುವರಿಯುತ್ತಾನೆ, ನಿಂತವರು ಕೊನೆಗೆ ಹೇಳಬೇಕು. ಮೊದಲು ಗಂಡಸರ ಸರದಿ. ಒಂದಿಷ್ಟು ಜನ ಶಾರ್ಶೆನ್ ಎಂದರು. ಕಾರು ಇರುವವರೆಲ್ಲ ಯಾಕೋ ನೆಲ ನೋಡಿಕೊಂಡು ತೆಮಿರ್‌ಕುಲ್ ಎಂದರು. ನನ್ನ ಚಿಕ್ಕಪ್ಪನ ಮಗನ ಕಾರು ಕೂಡ ಆವತ್ತು ಬಹಳ ಸ್ವಚ್ಛವಾಗಿತ್ತು. ಪರವಾಗಿಲ್ಲ, ನನ್ನ ಬ್ಯಾಂಕು ಇನ್ನೂ ಬಾಗಿಲೇ ತೆರೆದಿಲ್ಲ ಎಂದು ಸುಮ್ಮನಿದ್ದೆ.

ಹೆಂಗಸರ ಸರದಿ ಬಂತು. ಮೊದಲು ಎದ್ದವಳು ನನ್ನ ತಮ್ಮನ ಹೆಂಡತಿ. ನನ್ನ ಕಡೆ ನೋಡಿದಳು, ಕೆಂಪಾದಳು, ತುಟಿ ಅಲ್ಲಾಡಿಸಿದಳು, ಏನೂ ಹೊರಡಲಿಲ್ಲ.

"ಹೆಸರು ಹೇಳಮ್ಮ," ಎಂದರು ಅಜ್ಜ.

"ನಮ್ಮ ಭಾವ."

"ಇಲ್ಲಿ ಕೂತಿರೋರು ಅರ್ಧ ಜನ ನಿನ್ನ ಭಾವಂದಿರೇ. ಯಾವ ಭಾವ?"

ಅವಳು ಮತ್ತೆ ಒದ್ದಾಡಿದಳು. "ತಪ್ಪು ತಿಳ್ಕೋಬೇಡಿ ಭಾವ," ಎಂದು ನನಗೆ ಹೇಳಿ, ಅಜ್ಜನ ಕಡೆ ತಿರುಗಿ "ತೆಮಿರ್‌ಕುಲ್" ಎಂದು ಕೂತುಬಿಟ್ಟಳು. ಅವನು ಬೇರೆ ಕಣಿವೆಯವನು, ಯಾರ ಭಾವನೂ ಅಲ್ಲ, ಮಾವನೂ ಅಲ್ಲ. ಅವನ ಹೆಸರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಲೀಸಾಗಿ ಬರುತ್ತದೆ.

 ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಮತಬ್ಯಾಂಕು ಗಟ್ಟಿಯಾಗಿತ್ತು ನಿಜ, ಎಷ್ಟು ಗಟ್ಟಿ ಎಂದರೆ ಒಂದು ಮತವೂ ಹೊರಗೆ ಬರುವ ಹಾಗಿರಲಿಲ್ಲ. ಎರಡನೆಯವಳು ಕ್ಷಮೆ ಕೇಳಿ ತೆಮಿರ್‌ಕುಲ್ ಎಂದಳು. ಮೂರನೆಯವಳು ನನ್ನ ಬ್ಯಾನರಿನ ಹಾಗೆ "ಮಾವ" ಎಂದಳು, ಅಜ್ಜ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತೆಮಿರ್‌ಕುಲ್ ಮೀಸೆಯಡಿ ನಗುತ್ತಾ ಕೊಳವೆಯನ್ನು ಕಣ್ಣಲ್ಲೇ ಅಂಗಡಿಗೆ ತಿರುಗಿಸಿಕೊಳ್ಳುತ್ತಿದ್ದ.

ಆಮೇಲೆ ಎದ್ದವಳು ಮೂಲೆಮನೆಯ ಬೆರ್ಮೆತ್. ಹೋದ ವಸಂತದಲ್ಲಷ್ಟೇ ಮದುವೆಯಾಗಿ ಬಂದವಳು. "ಯಾರ ಹೆಸರಾದರೂ ಹೇಳಬಹುದಾ, ಅಜ್ಜ?" ಎಂದು ಕೇಳಿದಳು.

"ಈ ಬೀದಿಯವರಾಗಿದ್ದರೆ ಸಾಕು."

"ಹಾಗಾದ್ರೆ ಕನಿಶಾಯ್ ಎಜೆ," ಎಂದಳು. "ಅವತ್ತು ಫೋನಲ್ಲಿ ಮಾತಾಡಿದ್ರಲ್ಲ, ಅವರು."

ಕನಿಶಾಯ್ ನನ್ನ ಹೆಂಡತಿಯ ಹೆಸರು, ಎಜೆ ಎಂದರೆ ಅಕ್ಕ. ಅವಳೂ ಮದುವೆಯಾಗಿ ಬಂದವಳೇ, ಆದ್ದರಿಂದ ಸ್ವಂತ ಸೊಸೆಯನ್ನು ಬಿಟ್ಟರೆ ಯಾರಿಗೂ ಅವಳ ಹೆಸರಿನ ನಿಷೇಧವಿಲ್ಲ. ಆಮೇಲೆ ಬೇಲಿಯಲ್ಲಿ ಸಂದು ಕಂಡ ಕುರಿಗಳ ಹಾಗೆ ಹೆಂಗಸರೆಲ್ಲ ಒಬ್ಬರ ಹಿಂದೊಬ್ಬರು ಎದ್ದರು. ಕನಿಶಾಯ್ ಎಜೆ. ಕನಿಶಾಯ್ ಎಜೆ. ನನ್ನ ಸ್ವಂತ ಸೊಸೆ ಕೂಡ "ನಮ್ಮತ್ತೆ" ಎಂದಳು. ಅಜ್ಜ ಗದರಿದ ಮೇಲೆ, ಪಾಪ, ಆ ಹೆಸರನ್ನೂ ಹೇಳಲಾಗದೆ ಕೂತಳು. ನಾನು ನನ್ನ ಖರ್ಚಿನಲ್ಲಿ, ನನ್ನ ನಿರ್ದೇಶನದಲ್ಲಿ, ಯಾರಿಗೆ ಪ್ರಚಾರ ಮಾಡಿದ್ದೆ ಎಂದು ಆಗ ತಿಳಿಯಿತು.

ಕೊನೆಯಲ್ಲಿ ಅವಳೇ ಎದ್ದಳು. ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. "ನನ್ನ ಹೆಸರು ಯಾಕೆ ಎಳೀತೀರ್ರೇ," ಎಂದು ಹೆಂಗಸರನ್ನು ಬೈದು, "ನನ್ನ ಮತ ನಮ್ಮ ಮನೆಯವರಿಗೆ" ಎಂದಳು.

"ಹೆಸರು," ಎಂದರು ಅಜ್ಜ.

ಅವಳು ನನ್ನನ್ನು ನೋಡಿದಳು. ನಿಜ ಹೇಳುತ್ತೇನೆ, ಹೇಳಿಬಿಡುತ್ತಾಳೆ ಎಂದೇ ಅಂದುಕೊಂಡೆ, ಅಷ್ಟು ಹೊತ್ತು ನೋಡಿದಳು. "ಆಗಲ್ಲ ಅಜ್ಜ. ಬಿಟ್ಬಿಡಿ ನನ್ನದು," ಎಂದು ಕೂತಳು. ಕನಿಶಾಯ್ ಎಂಬ ಹೆಸರು ಬಂದ ಮೇಲೂ ನನಗಾಗಿ ಎದ್ದ ಹೆಂಗಸು ಅವಳೊಬ್ಬಳೇ.

ತೆಮಿರ್‌ಕುಲ್ ಎದ್ದು ತನ್ನ ಹೆಸರನ್ನು ತಾನೇ ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿಕೊಂಡ. ಅಜ್ಜ ಲೆಕ್ಕ ಹಾಕಿ ಕನ್ನಡಕ ತೆಗೆದರು. ಅವನಿಗೂ ಕನಿಶಾಯ್‌ಗೂ ಸಮ. ನಾನು ಇಬ್ಬರಿಗಿಂತ ಎಷ್ಟೋ ಹಿಂದೆ. ಉಳಿದದ್ದು ನನ್ನ ಒಂದು ಮತ.

ನನಗೇ ಹಾಕಿಕೊಂಡರೆ ಸಮ ಸಮವಾಗಿಯೇ ಉಳಿಯುತ್ತದೆ, ಕೊಳವೆ ಕಾರಂಗಡಿಗೆ ಹೋಗುತ್ತದೆ. ಮಾನ ಉಳಿಸಿಕೊಂಡು ನಾನು ಮನೆಗೆ ಹೋಗಬಹುದು. ಮನೆಯಲ್ಲಿ ನನಗೆ ಚಹಾ ಮಾಡಲು ನೀರು ತರುವವಳು ಬುಗ್ಗೆಗೆ ಹೋಗಿರುತ್ತಾಳೆ. ಮುಂದಿನ ವರ್ಷವೂ ಹೋಗುತ್ತಾಳೆ, ಆ ಭುಜ ಹೊತ್ತುಕೊಂಡು. ಎದ್ದು ನಿಂತೆ. ಕಲ್ಪಾಕ್ ಕೈಗೆ ತೆಗೆದುಕೊಂಡೆ.

"ನಮ್ಮ ಮನೆಯವಳಿಗೆ," ಎಂದೆ.

"ಹೆಸರು," ಎಂದರು ಅಜ್ಜ.

ಇದಕ್ಕೆ ನಾನು ಸಿದ್ಧನಿರಲಿಲ್ಲ. ಗಂಡಸರಿಗೆ ಯಾವ ನಿಷೇಧವೂ ಇಲ್ಲ, ಹೇಳಬಹುದು. ಆದರೆ ಮದುವೆಯಾದ ಲಾಗಾಯ್ತಿನಿಂದ ನಾನು ಅವಳನ್ನು ಏ ಎಂದಿದ್ದೇನೆ, ಇವಳೇ ಎಂದಿದ್ದೇನೆ, ಈಚೆಗೆ ಮುದುಕಿ ಎನ್ನುತ್ತೇನೆ. ಹೆಸರು ಹಿಡಿದು ಕರೆದ ನೆನಪೇ ಇಲ್ಲ.  ಕಿವಿ ಬಿಸಿಯಾಯಿತು. ಮದುಮಗನ ಹಾಗೆ ಬೂಟಿನ ತುದಿ ನೋಡುತ್ತಾ ನಿಂತೆ. ಗಂಡಸರ ಕಡೆ ಯಾರೋ ಕಿಸಕ್ಕೆಂದರು.

"ಕನಿಶಾಯ್," ಎಂದೆ, ಟೋಪಿಯೊಳಗೆ.

ಅಜ್ಜ ಪೆನ್ನು ಎತ್ತಿದರು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ನನಗೆ ಚೆನ್ನಾಗಿ ಪರಿಚಯವಿರುವ ದನಿ ಬಂತು. ಅದರಲ್ಲಿ ನಗುವೂ ಇತ್ತು, ಬೇರೆ ಏನೋ ಕೂಡ ಇತ್ತು.

"ಹಿಂದೆ ಕೂತೋರಿಗೆ ಕೇಳಿಸಲಿಲ್ಲವಂತೆ ರೀ. ಇನ್ನೊಂದ್ಸಲ ಗಟ್ಟಿಯಾಗಿ ಹೇಳಿ."

ಹೇಳಿದೆ.