ಇಂಡಿಯ ನಿಂಬೆಹಣ್ಣು, ಚನ್ನಬಸಯ್ಯನವರ ಮಾರ್ಬಲ್

ಚಹಾದ ಕಪ್ಪನ್ನು ಟೀಪಾಯಿಯ ಮೇಲೆ ಇಡಬೇಕಿತ್ತು. ಅಲ್ಲಿ ಮಗಳು ಕಾವೇರಿಯ ಪುಸ್ತಕಗಳು ಹರಡಿದ್ದವು. ಹಾಗಾಗಿ ಸಂಜೀವಕುಮಾರ ಕಪ್ಪನ್ನು ನೆಲದ ಮೇಲಿಟ್ಟು ಪೇಪರು ಓದತೊಡಗಿದ. ಓದಿ ಮುಗಿಸಿ ಕಪ್ಪು ಎತ್ತಿದರೆ, ಬಿಳಿ ಮಾರ್ಬಲ್ಲಿನ ಮೇಲೆ ಬಳೆಯಷ್ಟು ದುಂಡಗಿನ ಕಂದು ಗುರುತು ಕೂತಿತ್ತು. ಬೆರಳಿನಿಂದ ತಿಕ್ಕಿದ, ಲುಂಗಿಯ ತುದಿ ಒದ್ದೆ ಮಾಡಿಕೊಂಡು ತಿಕ್ಕಿದ, ಹೋಗಲಿಲ್ಲ. 

ಬೇರೆ ದಿನವಾಗಿದ್ದರೆ ಅದರ ಮೇಲೆ ಚಾಪೆ ಎಳೆದು ಸುಮ್ಮನಾಗುತ್ತಿದ್ದ. ಆದರೆ ಅಂದು ಸಂಜೆ ಮನೆಯ ಮಾಲಕರು ಚನ್ನಬಸಯ್ಯನವರು ಬಸವನ ಬಾಗೇವಾಡಿಯಿಂದ ಬರುವವರಿದ್ದರು. ಒಂದು ಕಾಲಕ್ಕೆ ಕಟ್ಟಡಗಳ ಗುತ್ತಿಗೆ ಹಿಡಿಯುತ್ತಿದ್ದ ಮನುಷ್ಯ. ಊರವರ ಮನೆಗಳಿಗೆ ಹಾಸಿ ಉಳಿದ ಕಲ್ಲನ್ನೆಲ್ಲ ಸಿಂದಗಿಯ ಈ ಮನೆಗೆ ತಂದು ಹಾಸಿದ್ದರು. ಅಡುಗೆಮನೆಗೆ ಶಹಾಬಾದ ಫರಸಿ, ಒಳಕೋಣೆಗೆ ಟೈಲ್ಸ್, ಪಡಸಾಲೆಗೆ ಯಾವುದೋ ಸಾಹುಕಾರರ ಬಂಗಲೆಯಲ್ಲಿ ಮಿಕ್ಕ ಮಾರ್ಬಲ್. ಆ ಮಾರ್ಬಲ್ಲು ಎಷ್ಟೋ ಬಾಡಿಗೆದಾರರ ಕಾಲು ಕಂಡು ಮಂಕಾಗಿತ್ತು ಅನ್ನುವುದು ಬೇರೆ ಮಾತು. ಮಾಲಕರ ಕಣ್ಣಿಗೆ ಅದು ಇನ್ನೂ ಬಂಗಲೆಯೇ.

ಕಳೆದ ಸಲ ಬಂದಾಗ ಅವರು ಸಂಜೀವಕುಮಾರನ ಮುಖ ನೋಡಿ ಮಾತಾಡಿರಲೇ ಇಲ್ಲ, ನೆಲ ನೋಡಿಯೇ ಮಾತಾಡಿದ್ದರು. "ನೆಲಾ ಜ್ವಾಕಿ ಮಾಡ್ರಿ. ಮುಂದಿನ ಸಲ ಬಂದಾಗ, ನೀವು ಇರೂದೋ ಬಿಡೂದೋ ಮಾತಾಡೂಣು."

ಬಿಡುವುದೆಂದರೆ ಎಲ್ಲಿಗೆ ಹೋಗುವುದು? ಕಾವೇರಿ ಈ ವರ್ಷ ಹತ್ತನೆಯ ತರಗತಿ, ಅವಳ ಸಾಲಿ ಇದೇ ಓಣಿಯ ತುದಿಗಿದೆ. ಅಡತಿ ಅಂಗಡಿಯಲ್ಲಿ ತೊಗರಿ ಚೀಲದ ಲೆಕ್ಕ ಬರೆಯುವ ಸಂಜೀವಕುಮಾರನ ಕೈಗೆಟುಕುವ ಮನೆ ಸಿಂದಗಿಯಲ್ಲಿ ಇನ್ನೊಂದಿರಲಿಲ್ಲ. ಅವನು ಹುಡುಕಿಯೇ ಹೇಳುತ್ತಿದ್ದ.

"ಅದಕ್ಯಾಕ ಅಷ್ಟ ಒದ್ದಾಡ್ತೀರಿ? ನಿಂಬಿಹಣ್ಣ ಹಚ್ಚರಿ," ಎಂದಳು ಹೆಂಡತಿ ಸುವರ್ಣಾ.

ಸುವರ್ಣಾಳ ತವರು ಇಂಡಿ. ಇಂಡಿಯವರಿಗೆ ನಿಂಬೆಹಣ್ಣು ಬರೀ ಹಣ್ಣಲ್ಲ. ಪಿತ್ತಕ್ಕೂ ಅದೇ, ತಲೆಹೊಟ್ಟಿಗೂ ಅದೇ, ದೃಷ್ಟಿ ತೆಗೆಯಲೂ ಅದೇ, ಹಿತ್ತಾಳೆ ಕೊಡ ತಿಕ್ಕಲೂ ಅದೇ. ಅತ್ತೆ ಕಳಿಸಿದ್ದ ನಿಂಬೆಹಣ್ಣು ಬುಟ್ಟಿ ತುಂಬ ಇದ್ದವು. ಗಂಡಹೆಂಡತಿ ಸೇರಿ ಎರಡು ಹಣ್ಣು ಹೆಚ್ಚಿ, ಉಪ್ಪು ಹಚ್ಚಿ ಕಲೆಯ ಮೇಲೆ ತಿಕ್ಕಿದರು. ರಸ ಇಳಿಯಲೆಂದು ಹೋಳುಗಳನ್ನು ಅಲ್ಲಿಯೇ ಬೋರಲು ಹಾಕಿ ಉಪ್ಪಿಟ್ಟು ತಿನ್ನಲು ಹೋದರು. ತಿಂದು ಬಂದು ಒರೆಸಿದರೆ ಚಹಾದ ಕಲೆ ಪತ್ತೆಯಿರಲಿಲ್ಲ. ಅದರ ಜಾಗದಲ್ಲಿ ರೊಟ್ಟಿಯಷ್ಟು ಅಗಲದ ಮಂಕು ಮಚ್ಚೆಯೊಂದು ಬಿದ್ದಿತ್ತು. ಮುಟ್ಟಿದರೆ ಉಗುರಿಗೆ ಒರಟು ಹತ್ತುತ್ತಿತ್ತು.

ಸಂಜೀವಕುಮಾರ ಬಾಯಿ ತೆರೆದವನು ಮುಚ್ಚಲಿಲ್ಲ.

"ಒಣಗಿದ ಮ್ಯಾಲೆ ಸರಿ ಆಗ್ತೈತಿ," ಎಂದಳು ಸುವರ್ಣಾ. ಒಣಗಿದ ಮೇಲೆ ಅದು ಇನ್ನೂ ಚೆನ್ನಾಗಿ ಕಾಣತೊಡಗಿತು.

ಅಷ್ಟರಲ್ಲಿ ಪಕ್ಕದ ಮನೆಯ ಗುರವ್ವ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ಮಜ್ಜಿಗೆ ಮರೆತು ನೆಲಕ್ಕೆ ಬಾಗಿದಳು. "ಅಯ್ಯ ನಮ್ಮವ್ವಾ, ಇದು ಒಣಗಿ ಸತ್ತೈತಿ. ಎಣ್ಣಿ ಕುಡಿಸಬೇಕ ಇದಕ್ಕ. ನಮ್ಮ ಫರಸಿಗೆ ನಾ ಕುಸುಬಿ ಎಣ್ಣಿ ಹಚ್ಚತೇನಿ, ಬಂದ ನೋಡ್ರಿ ಬೇಕಾದ್ರ, ಅದರಾಗ ನಮ್ಮ ಮಾರಿ ಕಾಣ್ತೈತಿ."

"ಅದು ಕರಿ ಕಲ್ಲ ಅಕ್ಕಾರ, ಇದು ಬಿಳೇದು," ಎಂದ ಸಂಜೀವಕುಮಾರ.

"ಎಣ್ಣಿಗೆ ಬಣ್ಣ ಕಾಣ್ತೈತೇನ?" ಎಂದವಳೇ ಗುರವ್ವ ಅಡುಗೆಮನೆಗೆ ಹೋಗಿ ಎಣ್ಣೆಯ ಡಬ್ಬಿ ತಂದಳು. ಬ್ಯಾಡ್ರಿ ಎನ್ನುವಷ್ಟರಲ್ಲಿ ಸುರಿದು ಅಂಗೈಯಿಂದ ತಿಕ್ಕಿದಳು. ಕ್ಷಣಹೊತ್ತು ಮಚ್ಚೆ ಹೊಳೆಯಿತು. "ನೋಡ್ರಿ," ಎಂದಳು. ಆಮೇಲೆ ಮಾರ್ಬಲ್ಲು ಎಣ್ಣೆಯನ್ನು ಗಟಗಟ ಕುಡಿಯಿತು. ರೊಟ್ಟಿಯಷ್ಟಿದ್ದ ಮಚ್ಚೆ ಪರಾತದಷ್ಟಾಗಿ ಹಳದಿಗಟ್ಟಿತು. ಗುರವ್ವನಿಗೆ ಒಮ್ಮೆಲೇ ಒಲೆಯ ಮೇಲಿಟ್ಟ ಬೇಳೆ ನೆನಪಾಗಿ, ಎದ್ದು ಹೋಗಿಬಿಟ್ಟಳು. ಹೋಗುತ್ತ ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು.

ಸುದ್ದಿ ಕೇಳಿ ಬಂದವರು ಇಬ್ರಾಹಿಂಸಾಬ. ಹಿಂದಿನ ಓಣಿಯಲ್ಲಿ ಟೈಲ್ಸ್ ಅಂಗಡಿ ಅವರದು. ನೆಲದ ವಿಷಯದಲ್ಲಿ ಊರಿಗೆ ತಾನೊಬ್ಬನೇ ಡಾಕ್ಟರ್ ಎಂದು ಅವರ ನಂಬಿಕೆ.

"ಎಣ್ಣಿ ಹಚ್ಚಿದವರ್ಯಾರ್ರಿ ಇದಕ್ಕ?" ಎಂದು ಗದರಿದರು. ಗುರವ್ವ ಅಷ್ಟರಲ್ಲಿ ವಾಪಸು ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳು ಸುವರ್ಣಾಳ ಕಡೆ ನೋಡಿದಳು.

"ಚಾಚಾ, ಸಂಜೀಕ ಮಾಲಕರ ಬರ್ತಾರ. ಏನರೆ ಮಾಡ್ರಿ," ಎಂದ ಸಂಜೀವಕುಮಾರ. 

"ಟೈಲ್ಸ್ ಹಾಕಿದ ಮ್ಯಾಲೆ ಸಿಮೆಂಟ್ ಕಲಿ ಉಳಿತೈತಲ್ಲ, ಅದನ್ನ ತಗಿಯೂ ಆಸಿಡ್ ಐತಿ ನಮ್ಮ ಕಡೆ. ಎಂಥಾ ಕಲಿ ಇದ್ರೂ ಜಾಗಾ ಬಿಡತೈತಿ. ನೀವು ಹಿಂದ ಸರೀರಿ." ಇಬ್ರಾಹಿಂಸಾಬ ತಾವೇ ಹೋಗಿ ಬಾಟಲಿ ತಂದು, ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಸುರಿದರು.

ಮಾರ್ಬಲ್ಲು ಆಲೆಮನೆಯ ಕೊಪ್ಪರಿಗೆಯಂತೆ ಬುಸುಬುಸು ಕುದಿಯಿತು. ನೊರೆ ಎದ್ದಿತು, ಹೊಗೆ ಎದ್ದಿತು, ಎಲ್ಲರೂ ಕೆಮ್ಮುತ್ತ ಓಣಿಗೆ ಓಡಿದರು. ಸುವರ್ಣಾ ಮೂಗು ಮುಚ್ಚಿಕೊಂಡು ಕೊಡಗಟ್ಟಲೆ ನೀರು ಚೆಲ್ಲಿದಳು. ಹೊಗೆ ಇಳಿದ ಮೇಲೆ ನೋಡಿದರೆ ನೆಲಕ್ಕೆ ತಗ್ಗು ಬಿದ್ದಿತ್ತು, ಸುತ್ತಲಿನ ಕಲ್ಲೆಲ್ಲ ಬೀಸುವ ಕಲ್ಲಿನಂತೆ ಒರಟಾಗಿತ್ತು.

 ಇಬ್ರಾಹಿಂಸಾಬರು ತಗ್ಗನ್ನು ಬಾಗಿ ನೋಡಿ, "ಟೈಲ್ಸ್ ಹಿಂಗ ಮಾಡಂಗಿಲ್ರಿ," ಎಂದು ಕಲ್ಲಿನ ಮೇಲೆಯೇ ಬೇಸರ ಮಾಡಿಕೊಂಡರು.

ಸಂಜೀವಕುಮಾರ ಗೋಡೆಗೆ ಒರಗಿ ಕುಸಿದು ಕೂತ.  "ಭಾಂಡೆ ಸಾಮಾನ ಕಟ್ಟಲೇನ್ರಿ?" ಎಂದಳು ಸುವರ್ಣಾ. ಅವಳ ಕಣ್ಣಲ್ಲಿ ನೀರಿತ್ತು. ಅದು ಆಸಿಡ್ಡಿನದೋ ದುಃಖದ್ದೋ ಅವಳಿಗೇ ಗೊತ್ತಿರಲಿಲ್ಲ.

ಎದುರು ಮನೆಯ ಶಂಕ್ರೆಪ್ಪ ಬಸ್ ಕಂಡಕ್ಟರ್. ಅಂದು ಅವನಿಗೆ ರಜೆ. ರಜೆಯ ದಿನ ಯಾರನ್ನಾದರೂ ಎಲ್ಲಿಗಾದರೂ ಮುಟ್ಟಿಸದಿದ್ದರೆ ಅವನಿಗೆ ಸಮಾಧಾನವಿಲ್ಲ. ಮೋಟರ್‌ಸೈಕಲ್ ಹತ್ತಿ ಹೋದವನು, ಹೊಸ ಕಲ್ಯಾಣಮಂಟಪಕ್ಕೆ ಪಾಲಿಶ್ ಮಾಡುತ್ತಿದ್ದ ತೌಸಿಫನನ್ನೂ ಅವನ ಯಂತ್ರವನ್ನೂ ಟಂಟಂ ಗಾಡಿಯಲ್ಲಿ ಹಾಕಿಸಿಕೊಂಡು ಬಂದ.

ತೌಸಿಫ ತಗ್ಗು ನೋಡಿ ಮೊದಲು ನಕ್ಕ, ಆಮೇಲೆ ಮೊಬೈಲಿನಲ್ಲಿ ಅದರ ಫೋಟೋ ಹೊಡೆದುಕೊಂಡ. "ಮಾರ್ಬಲ್ ಸುಣ್ಣದಕಲ್ಲಿನ ಜಾತಿ ಕಾಕಾ. ಹುಳಿ ಬಿದ್ರ ಸುಡತೈತಿ. ಮೊದಲ ಯಾರ ಏನ ಹಾಕಿದ್ರಿ?"

ಎಲ್ಲರೂ ಸುವರ್ಣಾಳನ್ನು ನೋಡಿದರು. "ನಿಂಬಿಹಣ್ಣಿಂದ ಏನೂ ತಪ್ಪಿಲ್ಲ," ಎಂದಳು ಅವಳು ಬಿರುಸಾಗಿ. "ಕಲ್ಲ ನಾಜೂಕ ಐತಿ."

"ಇಷ್ಟ ಜಾಗಾ ತಿಕ್ಕಿದ್ರ ಬಟ್ಟಲದಂಗ ಕಾಣ್ತೈತಿ," ಎಂದ ತೌಸಿಫ. "ಪಡಸಾಲಿ ಪೂರಾ ತಿಕ್ಕಬೇಕ. ಸಾಮಾನ ಹೊರಗ ಹಾಕ್ರಿ."

ಸಾಮಾನು ಓಣಿಗೆ ಬಂತು. ದಿವಾನದ ಮೇಲೆ ಇಬ್ರಾಹಿಂಸಾಬ ಕೂತರು, ಕುರ್ಚಿಯ ಮೇಲೆ ಗುರವ್ವ ಕೂತಳು. ಯಂತ್ರ ಚಾಲೂ ಮಾಡಿದೊಡನೆ ಅರ್ಧ ಓಣಿಯ ಕರೆಂಟು ಹೋಯಿತು. ಬೈಯಲೆಂದು ಬಂದವರು, ನೋಡಲು ಜಾಗ ಸಿಕ್ಕ ಮೇಲೆ ಬೈಯುವುದನ್ನು ಬಿಟ್ಟು ನಿಂತರು. ಶಂಕ್ರೆಪ್ಪ ಕಂಬದ ಹತ್ತಿರ ಏನೋ ಮಾಡಿಸಿ ಬಂದ. ಯಂತ್ರ ಮತ್ತೆ ಅರಚಿತು. ಗಂಜಿಯಂಥ ಬಿಳಿ ನೀರು ಹೊಸ್ತಿಲು ದಾಟಿ ಗುರವ್ವನ ಅಂಗಳಕ್ಕೆ ಹರಿಯಿತು. ಸಂಜೀವಕುಮಾರ ಬಾಯಿಬಿಟ್ಟುಕೊಂಡು ಗಡಿಯಾರ ನೋಡುತ್ತ, ಎಲ್ಲರಿಗೂ ಚಹಾ ಕೊಡುತ್ತ ತಿರುಗಿದ. ಒಂದು ಕಪ್ಪನ್ನೂ ನೆಲಕ್ಕಿಡಲು ಬಿಡಲಿಲ್ಲ.

ಇಳಿಹೊತ್ತಿಗೆ ಯಂತ್ರ ನಿಂತಿತು. ತೌಸಿಫ ಪುಡಿ ಹಾಕಿ ಕೊನೆಯ ಕೈ ತಿಕ್ಕಿ, ನೀರು ಒರೆಸಿ ಪಕ್ಕಕ್ಕೆ ಸರಿದ. ಓಣಿಯ ಜನ ಒಬ್ಬರ ಹೆಗಲ ಮೇಲೊಬ್ಬರು ಇಣುಕಿದರು. ತಗ್ಗಿಲ್ಲ, ಮಚ್ಚೆಯಿಲ್ಲ. ಮಂಕಾಗಿದ್ದ ಹಳೆಯ ಮಾರ್ಬಲ್ಲು ಹಾಲು ಚೆಲ್ಲಿದಂತೆ ಹೊಳೆಯುತ್ತಿತ್ತು, ಮೇಲಿನ ಫ್ಯಾನು ಕೆಳಗೂ ತಿರುಗುತ್ತಿತ್ತು. ಸಂಜೀವಕುಮಾರನಿಗೆ ಅಳುವೇ ಬಂತು. "ಬದುಕಿದೆ," ಎಂದ.

ಕೊನೆಯ ಕುರ್ಚಿ ಒಳಗೆ ಹೋಗುವುದಕ್ಕೂ ಚನ್ನಬಸಯ್ಯನವರು ಆಟೋದಿಂದ ಇಳಿಯುವುದಕ್ಕೂ ಸರಿಹೋಯಿತು. ಚಪ್ಪಲಿ ಕಳಚಿ ಹೊಸ್ತಿಲು ದಾಟಿದವರು ಅಲ್ಲಿಯೇ ನಿಂತುಬಿಟ್ಟರು. ನೆಲದಲ್ಲಿ ತಮ್ಮದೇ ಧೋತರ, ತಮ್ಮದೇ ಮುಖ. 

"ಇದು ನನ್ನ ಮನೀನ ಏನ್ರಿ?"

"ನಿಮ್ದ ರೀ ಸಾವಕಾರ್ರ," ಎಂದ ಸಂಜೀವಕುಮಾರ, ಎದೆಯುಬ್ಬಿಸಿ. "ನೆಲಾ ಜ್ವಾಕಿ ಮಾಡ್ರಿ ಅಂದಿದ್ರಲ್ಲರಿ."

ಚನ್ನಬಸಯ್ಯನವರು ಫೋನು ತೆಗೆದು, ಯಾರಿಗೋ ವಿಡಿಯೋ ಕಾಲ್ ಮಾಡಿ, ನೆಲದ ಮೂಲೆಮೂಲೆಯನ್ನೂ ತೋರಿಸಿದರು. ಆ ಕಡೆಯಿಂದ ಒಬ್ಬ ಹೆಣ್ಣುಮಗಳ ಧ್ವನಿ, "ಅಯ್ಯ ಮಾವಾರ, ಭಾಳ ಛಂದ ಆಗೇತಿ, ನಾ ಬರ್ತೇನಿ," ಎಂದದ್ದು ಬಾಗಿಲಲ್ಲಿದ್ದವರಿಗೂ ಕೇಳಿತು. ಮಾಲಕರು ಫೋನು ಜೇಬಿಗಿಳಿಸಿ ಸಂಜೀವಕುಮಾರನ ಎರಡೂ ಕೈ ಹಿಡಿದುಕೊಂಡರು.

"ಏನ ಉಪಕಾರ ಮಾಡಿದ್ರಿ ಮಾರಾಯ್ರ. ನಮ್ಮ ದೊಡ್ಡ ಮಗ ಗುರಲಿಂಗಪ್ಪಗ ಇಲ್ಲೇ ಸಿಂದಗಿಗೆ ವರ್ಗ ಆಗೇತಿ. ಆ ಮಾಸಿದ ನೆಲದ ಮನಿಯಾಗ ನಾ ಕಾಲ ಇಡಂಗಿಲ್ಲಂತ ಸೊಸಿ ಹಟ ಹಿಡದಿದ್ಲು. ಅವರಿಗೆ ಬ್ಯಾರೆ ಮನಿ ನೋಡೂದು, ನಿಮಗ ಇನ್ನೂ ಮೂರ ವರ್ಷ ಇಲ್ಲೇ ಇರ್ರಿ ಅನ್ನೂದು, ಹಿಂಗಂತ ಠರಾವ ಮಾಡಿಕೊಂಡ ಬಸ್ ಹತ್ತಿದ್ದೆ. ಈಗ ನೋಡ್ರಿ, ಎಲ್ಲಾ ಬಗಿಹರೀತು. ಬರೂ ತಿಂಗಳ ಖಾಲಿ ಮಾಡಿ ಕೊಟ್ಟಬಿಡ್ರಿ."

ಸಂಜೀವಕುಮಾರನ ಬಾಯಿ ಬೆಳಿಗ್ಗೆಗಿಂತ ಅಗಲವಾಗಿ ತೆರೆಯಿತು.  ಗುರವ್ವನಿಗೂ ಮಾತು ಸಿಗಲಿಲ್ಲ, ಇದು ಓಣಿಯಲ್ಲಿ ಎಂದೂ ಆಗಿರಲಿಲ್ಲ.

"ಮಗಳ ಸಾಲಿ ಇಲ್ಲೇ ಐತಲ್ರಿ," ಎಂದಳು ಸುವರ್ಣಾ ಹೇಗೋ. "ನಾವು ಎಲ್ಲಿ ಹೋಗೂದ್ರಿ?"

"ಅಯ್ಯ, ನಿಮ್ಮನ್ನ ಬೀದಿಗೆ ಬಿಡ್ತೇನೇನವಾ?" ಚನ್ನಬಸಯ್ಯನವರು ಮನಸಾರೆ ನಕ್ಕರು. "ಮೋರಟಗಿ ರಸ್ತೆದಾಗ ನಂದ ಇನ್ನೊಂದ ಮನಿ ಐತಿ. ಸ್ವಲ್ಪ ದೂರ ಆಗ್ತೈತಿ. ನೆಲಾ ಅಂತೂ ಇದಕ್ಕಿಂತ ಹೊಲಸ ಐತಿ, ಆದ್ರ ನಿಮ್ಮ ಕೈಯಾಗ ಕೊಟ್ರ ನನಗ ಚಿಂತಿ ಇಲ್ಲ. ಆರಾಮ ಇರ್ರಿ, ಛಲೋತ್ನಂಗ ಜ್ವಾಕಿ ಮಾಡ್ರಿ."

ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿಕೊಂಡ ಮೇಲೆ ಅವರು ಮತ್ತೊಮ್ಮೆ ತಿರುಗಿದರು.

"ಮುಂದಿನ ವರ್ಷ ನಮ್ಮ ಸಣ್ಣ ಮಗನ ಲಗ್ನಾ ಐತಿ."