ಜಗ್ಗದ ಕಡ್ಡಿಗೆ ಒಂದು ಹಾರ

ನಮ್ಮ ಮಾವ ಬೆಳಗ್ಗೆ ಎದ್ದ ಕೂಡಲೇ ನೋಡುವ ಮೊದಲ ಮುಖ ದೇವರದಲ್ಲ, ನಮ್ಮ ಅತ್ತೆಯದಂತೂ ಅಲ್ಲವೇ ಅಲ್ಲ. ಒಂದು ಕಡ್ಡಿಯದು! ಕಡ್ಡಿಗೆ ಮುಖ ಎಲ್ಲಿರುತ್ತದೆ ಅನ್ನುತ್ತೀರಾ? ನಾನೂ ಕೇಳಿದ್ದೆ. "ನೋಡಕ್ ಬರ್ಬೇಕು ಕಣವ್ವ" ಅಂದರು.

ಮಾವ ಅಂದರೆ ನನ್ನ ಸೋದರತ್ತೆಯ ಗಂಡ. ಪಾಂಡವಪುರದ ಕಡೆ ಒಂದು ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು, ಮನೆ ಕಿರಂಗೂರಿನಲ್ಲಿ. ಕಾಲೇಜಿಗೆ ಹತ್ತಿರವೆಂದು ನಾನೂ ಅಲ್ಲೇ ಇದ್ದೇನೆ. ದಿನಾ ಡೈರಿ ಬರೆಯುವ ಚಟ ನನಗೆ. ಹಾಗಾಗಿ ಇಲ್ಲಿ ಹೇಳುವುದಕ್ಕೆಲ್ಲ ತಾರೀಖು ಸಮೇತ ಸಾಕ್ಷಿಯಿದೆ. ಅನುಮಾನವಿದ್ದವರು ಬಂದು ನೋಡಬಹುದು, ಕಾಫಿ ಖರ್ಚು ನಿಮ್ಮದು!

ಮಾವನ ಪಿಎಚ್‌ಡಿ ಮೆಗ್ನೀಸಿಯಮ್ ಮಿಶ್ರಲೋಹದ ಮೇಲೆ. ಮೆಗ್ನೀಸಿಯಮ್ ಬಲು ಹಗುರ. ಅದರಲ್ಲಿ ಗೇರ್‌ಬಾಕ್ಸಿನ ಕವಚ ಮಾಡಿದರೆ ಗಾಡಿಯೂ ಹಗುರ, ಡೀಸೆಲ್ಲೂ ಉಳಿತಾಯ. ಆದರೆ ಅದಕ್ಕೊಂದು ಚಾಳಿ. ಬಿಸಿಯಲ್ಲಿ ಭಾರ ಹೊರಿಸಿ ಬಿಟ್ಟರೆ ಪಟ್ಟನೆ ಮುರಿಯುವುದಿಲ್ಲ, ಯಾರಿಗೂ ಕಾಣದಂತೆ ದಿನದಿನವೂ ಚೂರುಚೂರೇ ಜಗ್ಗುತ್ತದೆ. ಇಂಜಿನಿಯರುಗಳು ಇದಕ್ಕೆ ಕ್ರೀಪ್ ಅನ್ನುತ್ತಾರೆ. ಅತ್ತೆ "ನಮ್ ಹಳೇ ಮಂಚ" ಅನ್ನುತ್ತಾರೆ. ಒಂದಿಷ್ಟು ಕ್ಯಾಲ್ಸಿಯಮ್ ಬೆರೆಸಿ ಮೆಗ್ನೀಸಿಯಮ್ಮಿನ ಈ ಚಾಳಿ ಬಿಡಿಸುವುದೇ ಮಾವನ ಜೀವನೋದ್ದೇಶ. ಬೆಳಗ್ಗೆ ಮುಖ ನೋಡುವ ಕಡ್ಡಿ ಆ ಮಿಶ್ರಲೋಹದ್ದೇ.

ಈ ಹುಚ್ಚು ಕಡ್ಡಿಗಷ್ಟೇ ಸೀಮಿತ ಅಂದುಕೊಂಡಿರಾ? ನಾಗಮಂಗಲದ ಒಂದು ಮದುವೆಯಲ್ಲಿ ಕೆ.ಆರ್. ಪೇಟೆಯ ಕಡೆಯ ದಪ್ಪನೆಯ ಯಜಮಾನರೊಬ್ಬರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಿಸಿಲಲ್ಲಿ ಕೂತರು. ಎಲ್ಲರೂ ತಾಳಿ ಕಟ್ಟುವುದನ್ನು ನೋಡುತ್ತಿದ್ದರೆ ಮಾವ ಕುರ್ಚಿಯ ಕಾಲುಗಳನ್ನೇ ನೋಡುತ್ತಾ ನಿಂತರು. ಕಾಲು ನಿಧಾನವಾಗಿ ಅಗಲವಾಯಿತು, ಇನ್ನೂ ಅಗಲವಾಯಿತು. ಗಟ್ಟಿಮೇಳಕ್ಕೆ ಸರಿಯಾಗಿ ಯಜಮಾನರು ನೆಲ ಸೇರಿದರು!

"ನೋಡ್ತಾನೇ ನಿಂತಿದ್ರಲ್ಲ, ಒಂದ್ ಮಾತು ಏಳಕ್ಕಾಗ್ನಿಲ್ವೇನ್ರೀ?" ಯಜಮಾನರು ಬಿದ್ದಲ್ಲಿಂದಲೇ ಕೇಳಿದರು.

"ಹೇಳಿದ್ರೆ ನೀವು ಎದ್ದ್‌ಬುಡ್ತಿದ್ರಿ. ರಿಸಲ್ಟು ಕೆಟ್ಟೋಗದು."

ಆ ಮದುವೆ ಮನೆಯವರು ಈಗಲೂ ನಮಗೆ ಲಗ್ನಪತ್ರಿಕೆ ಕೊಡುತ್ತಾರೆ, ಅತ್ತೆಯ ಹೆಸರಿಗೆ ಮಾತ್ರ.

ಕಡ್ಡಿ ಇರುವುದು ಹಿತ್ತಲಿನ ಕೊಟ್ಟಿಗೆಯಲ್ಲಿ. ಅದಕ್ಕಾಗಿ ಅತ್ತೆಯ ಹಸು ಶೀಟಿನ ಚಪ್ಪರಕ್ಕೆ ವರ್ಗವಾಗಿದೆ. ಕಬ್ಬಿಣದ ಚೌಕಟ್ಟು, ನಡುವೆ ಪುಟ್ಟ ಕರೆಂಟಿನ ಒಲೆ, ಒಲೆಯೊಳಗೆ ದೋಸೆ ಹೆಂಚಿನಷ್ಟು ಕಾದ ಬೆರಳುದ್ದದ ಕಡ್ಡಿ. ಮೇಲೊಂದು ಸನ್ನೆಗೋಲು, ಅದರ ತುದಿಗೆ ತೂಕದ ಕಲ್ಲು. ತುದಿಗೆ ಒಂದು ಕೆಜಿ ತೂಗಿಬಿಟ್ಟರೆ ಕಡ್ಡಿಗೆ ಹತ್ತು ಕೆಜಿ ಎಳೆತ. ಎಷ್ಟು ಜಗ್ಗಿತೆಂದು ತೋರಿಸಲು ಪಕ್ಕದಲ್ಲೊಂದು ಮುಳ್ಳು. ಇದು ತಿಂಗಳುಗಟ್ಟಲೆ ಒಂದೇ ಬಿಸಿ, ಒಂದೇ ಭಾರದಲ್ಲಿ ನಡೆಯಬೇಕು. ಕರೆಂಟು ಹೋದರೆ ಇನ್ವರ್ಟರಿನ ಮೊದಲ ಹಕ್ಕುದಾರ ಕಡ್ಡಿ. ಫ್ಯಾನಿಲ್ಲದೆ ನಾವು ಬೇಯುತ್ತೇವೆ, ಕಡ್ಡಿಯೂ ಬೇಯುತ್ತದೆ. ಸಮಾನತೆ ಅಂದರೆ ಇದೇ ಅಲ್ಲವೇ?

ಪಕ್ಕದ ಮನೆಯ ಚಿಕ್ಕಣ್ಣ ಒಮ್ಮೆ ಇಣುಕಿದ. "ಏನ್ ಮೇಷ್ಟ್ರೇ, ಎಷ್ಟುದ್ದ ಬಂತು?"

"ಕೂದಲೆಳೆಯಷ್ಟೂ ಇಲ್ಲ!" ಮಾವನ ಮುಖದಲ್ಲಿ ಚಿನ್ನದ ಪದಕ ಗೆದ್ದ ಕಳೆ.

"ಥೂ, ನಮ್ ಕಬ್ಬೇ ವಾಸಿ ಬುಡಿ."

ಹೀಗಿರುವಾಗ ಹೋದ ವರ್ಷದ ಆಯುಧಪೂಜೆ ಬಂತು. ಅತ್ತೆ ಸ್ಕೂಟರು, ಮಿಕ್ಸಿ, ಕುಡುಗೋಲು, ಇನ್ವರ್ಟರಿಗೆಲ್ಲ ಕುಂಕುಮವಿಟ್ಟು ಹೂ ಮುಡಿಸಿದರು. ಮಾವ ಸ್ನಾನಕ್ಕೆ ಹೋಗಿದ್ದಾಗ ಕೊಟ್ಟಿಗೆಗೂ ಹೋಗಿ, ಇರುವುದರಲ್ಲೇ ಭಾರಿಯಾದ ಸೇವಂತಿಗೆ ಹಾರವನ್ನು ತೂಗಿಹಾಕಿದರು. ಎಲ್ಲಿಗೆ? ಸರಿಯಾಗಿ ಸನ್ನೆಗೋಲಿನ ತುದಿಗೆ!

ಒಂದು ಹಾರ, ಹತ್ತು ಹಾರದ ಎಳೆತ. ಮಾವ ಒದ್ದೆ ಟವೆಲಿನಲ್ಲೇ ಓಡಿ ಬರುವಷ್ಟರಲ್ಲಿ ಮುಳ್ಳು ಎಲ್ಲೋ ಹೋಗಿತ್ತು.

"ಯಾರೇ ನಿಂಗೆ ಇಲ್ಲಿ ಹೂವ ಆಕು ಅಂದೋರು?"

"ಹಗ್ಲೂ ರಾತ್ರಿ ದುಡಿಯೋ ಮಿಷಿನ್ನು. ವರ್ಸಕ್ಕೊಂದಿನ ಹೂವ ಬ್ಯಾಡ್ವಾ?"

"ನನ್ ಅಷ್ಟೂ ತಿಂಗ್ಳ ಕೆಲ್ಸ ಮಣ್ಣಾಯ್ತು! ಇನ್ಮೇಲೆ ಇತ್ತ ಕಾಲಿಕ್ಬೇಡ ನೀನು!"

ಅತ್ತೆ ಕುಂಕುಮದ ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಮಾವ ಯೂನಿವರ್ಸಿಟಿಯವರನ್ನು ಕಾಡಿಬೇಡಿ ಒಂದು ವರ್ಷ ಗಡುವು ಪಡೆದರು. ಇದೇ ಕೊನೆ, ಈ ಸಲವೂ ಪರೀಕ್ಷೆ ಕೆಟ್ಟರೆ ಪಿಎಚ್‌ಡಿ ಆಸೆ ಬಿಡಬೇಕು. ಹೊಸ ಕಡ್ಡಿ ಏರಿತು. ಅತ್ತೆ ಮಾತ್ರ ಆ ಕಡೆ ಹೋಗಲಿಲ್ಲ. ಕೊಟ್ಟಿಗೆಗೆ ಕಾಫಿ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. "ನಿಮ್ಮತ್ತೆ ಬರ್ನಿಲ್ವಾ?" ಎಂದು ಮಾವ ಪ್ರತಿ ಸಲ ಕೇಳುತ್ತಿದ್ದರು. ಕೇಳುವಾಗ ಮುಳ್ಳನ್ನೇ ನೋಡುತ್ತಿದ್ದರು!

ಈ ಸಲ ಸನ್ನೆಗೋಲಿನ ತುದಿಯಲ್ಲಿ ತೂಕದ ಕಲ್ಲಿನ ಜೊತೆಗೆ ಒಂದು ಪುಟ್ಟ ಬಟ್ಟೆಯ ಚೀಲವೂ ಮೊದಲ ದಿನದಿಂದ ತೂಗುತ್ತಿತ್ತು. ಒಳಗೆ ಬರೀ ಹೊಳೆಮರಳು. "ಇದ್ಯಾಕೆ ಮಾವ?" ಅಂದರೆ, "ಅದೂ ಲೆಕ್ಕದಲ್ಲೈತೆ, ಸುಮ್ಕಿರು" ಅನ್ನುತ್ತಿದ್ದರು.

ಮತ್ತೆ ಆಯುಧಪೂಜೆ ಬಂತು. ಅತ್ತೆ ಎಲ್ಲಕ್ಕೂ ಹೂವಿಟ್ಟರು, ಕೊಟ್ಟಿಗೆಯೊಂದನ್ನು ಬಿಟ್ಟು. ಆಗ ಮಾವ ಒಂದು ಸೇವಂತಿಗೆ ಹಾರ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಅದನ್ನು ಆಗಲೇ ತಕ್ಕಡಿಗಿಟ್ಟು, ಹೆಚ್ಚಾದ ಹೂಗಳನ್ನು ಕಿತ್ತು ಸರಿತೂಗಿಸಿದ್ದರು.

"ಬಾರೇ. ಮಿಷಿನ್ನು ಕಾಯ್ತದೆ."

ಅತ್ತೆ ಅನುಮಾನದಿಂದಲೇ ಹಿಂದೆ ಹೋದರು. ಮಾವ ಮರಳಿನ ಚೀಲವನ್ನು ಉಸಿರು ಬಿಗಿಹಿಡಿದು ಬಿಡಿಸಿದರು. "ಮೊದಲ್ನೇ ದಿನದಿಂದ ಇದು ನಿನ್ ಹಾರದ ಜಾಗ ಹಿಡ್ಕಂಡಿತ್ತು. ಆಕು ಈಗ."

ಅತ್ತೆ ಹಾರ ತೂಗಿಬಿಟ್ಟರು. ಹಾರವನ್ನೇ ನೋಡುತ್ತ ಕೇಳಿದರು.

"ಹೂವ ಬಾಡ್ತಾ ಬಾಡ್ತಾ ಹಗುರಾಯ್ತದಲ್ರೀ. ಆಗೇನ್ ಮಾಡೀರಿ?"

"ಅದ್ಕೇ ಗಳಿಗೆಗೊಂದ್ಸಲ ನೀನು ಬಂದು ಒಂದೊಂದ್ ಹೂವ ಸೇರಿಸ್ಬೇಕು. ಸಂಜೆ ಗಂಟ."

"ಮುಳ್ಳು ನೋಡ್ರೀ ಮೊದ್ಲು! ಓಯ್ತೇನೋ!"

ಮುಳ್ಳನ್ನು ನಾನೇ ನೋಡಿದೆ, ಇದ್ದಲ್ಲೇ ಇತ್ತು. ಮಾವ ನೋಡಲಿಲ್ಲ. ಅವರು ಅತ್ತೆಯ ಮುಖ ನೋಡುತ್ತಿದ್ದರು.