ಹೆಡ್‌ಮೇಷ್ಟ್ರ ಕಾರಿಗೆ ಡಿಸ್ಕ್ ಬ್ರೇಕು

ಕಾರು ಹೊರಡದಿದ್ದರೆ ಮನೆಯವರು ಮಾತ್ರ ನಗುತ್ತಾರೆ, ನಿಲ್ಲದಿದ್ದರೆ ಊರೆಲ್ಲ ನಗುತ್ತದೆ. ಹೊಸೂರಿನ ಬಾಗಲೂರು ರಸ್ತೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಇಟ್ಟುಕೊಂಡು ಕೂತ ನನಗೆ ಇಂಥ ನಗುವಿಗೆ ಯಾವತ್ತೂ ಕೊರತೆ ಬಂದಿಲ್ಲ. ಫ್ಯಾಕ್ಟರಿಗಳಿಗೆ ಬುಷ್ಷು, ಪಿನ್ನು ತಿರುವಿಕೊಡುವುದು ನನ್ನ ಹೊಟ್ಟೆಪಾಡು. ಆದರೆ ಬೇರೆ ಮೆಕ್ಯಾನಿಕ್ಕುಗಳು ಕೈಬಿಟ್ಟ ಗಾಡಿಗಳು ಯಾಕೋ ನನ್ನ ಶೆಡ್ಡಿನ ಮುಂದೆಯೇ ಬಂದು ನಿಲ್ಲುತ್ತಿದ್ದವು. ಹಾಗೆ ಬಂದವುಗಳಲ್ಲಿ ನಿಲ್ಲಲಾರದ ಗಾಡಿಯೂ ಒಂದಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ಅದನ್ನು ನಿಲ್ಲಿಸಲು ಹೋಗಿ ಪಟ್ಟ ಫಜೀತಿ ಇಲ್ಲಿದೆ.

೧. ಒತ್ತಿದ್ದು ಇಲ್ಲಿ, ನಿಂತಿದ್ದು ಅಲ್ಲಿ

ಗಾಡಿಯ ಯಜಮಾನರು ನನಗೆ ಲೆಕ್ಕ ಕಲಿಸಿದ ಮೇಷ್ಟ್ರು. ಆಮೇಲೆ ಹೆಡ್‌ಮೇಷ್ಟ್ರಾಗಿ ರಿಟೈರಾದರು. ನನ್ನ ಎಡಗಿವಿ ಬಲಗಿವಿಗಿಂತ ಕೊಂಚ ಉದ್ದವಿದ್ದರೆ ಅದು ಅವರ ಕೃಪೆ. ಅವರ ಹತ್ತಿರ ಇಂಗ್ಲೆಂಡಿನಿಂದ ಬಂದ ಕರಿಯ ಕಾರೊಂದಿತ್ತು, ಅವರ ಮದುವೆಗಿಂತ ಹಳೆಯದು. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಅಂದರೆ ಚಕ್ರದ ಹಿಂದಿನ ಡಬ್ಬಿಯೊಳಗೆ ಎರಡು ಶೂ ಹಿಗ್ಗಿ, ಉಜ್ಜಿ, ಗಾಡಿಯನ್ನು ನಿಲ್ಲಿಸಬೇಕು. ಕಾದರೂ ನೆನೆದರೂ ಅವು ಮೇಷ್ಟ್ರ ಮಾತು ಕೇಳುತ್ತಿರಲಿಲ್ಲ.

ಅದಕ್ಕೆ ಮೇಷ್ಟ್ರು ತಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದರು. ಮನೆ ಇನ್ನೂ ಕಾಣಿಸದಿರುವಾಗ, ತಿರುವಿನ ಹುಣಸೆಮರದ ಹತ್ತಿರವೇ ಬ್ರೇಕಿನ ಮೇಲೆ ಕಾಲಿಡುವುದು. ಮೂರು ಸಲ ಒತ್ತಿ ಒತ್ತಿ ಬಿಡುವುದು. ಆಗ ಕಾರು ಸರಿಯಾಗಿ ಮನೆಯ ಗೇಟಿಗೆ ಬಂದು ನಿಲ್ಲುತ್ತಿತ್ತು. ಒಂದೊಂದು ದಿನ ಪಕ್ಕದ ಮನೆಯ ಗೇಟಿಗೆ ಹೋಗಿ ನಿಲ್ಲುತ್ತಿತ್ತು. ಆಗ ಮೇಷ್ಟ್ರು ಇಳಿದು, ಆ ಮನೆಯವರ ಯೋಗಕ್ಷೇಮ ವಿಚಾರಿಸಿ, ನಡೆದುಕೊಂಡು ಬರುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ದಿನ ಅಮ್ಮಾವ್ರನ್ನು, ಅಂದರೆ ಮೇಷ್ಟ್ರ ಹೆಂಡತಿಯನ್ನು, ಪಕ್ಕದಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಹೊರಟರು. ತಮಿಳುನಾಡಿನ ಗಡಿಯ ಜೂಜುವಾಡಿ ಚೆಕ್‌ಪೋಸ್ಟಿನಲ್ಲಿ ಒಬ್ಬ ಕೈ ಅಡ್ಡ ತೋರಿಸಿದ. ಮೇಷ್ಟ್ರು ಬ್ರೇಕ್ ಒತ್ತಿದರು. ಕಾರು ಕೈ ತೋರಿಸಿದವನನ್ನು ದಾಟಿತು, ಎರಡು ಲಾರಿ ದಾಟಿತು, ಒಂದು ಟೀ ಅಂಗಡಿ ದಾಟಿತು, ಕೊನೆಗೆ ಗಡಿಯನ್ನೂ ದಾಟಿ ನಿಂತಿತು. ಆ ಕಡೆಯ ಕಾವಲಿನವನು ಓಡಿಬಂದು ಯಾಕೆ ಹೀಗೆ ನುಗ್ಗಿದಿರಿ ಎಂದು ಕೇಳಿದ.

"ನಾನು ತಮಿಳುನಾಡಲ್ಲೇ ನಿಲ್ಸಿದ್ದು ಕಣಪ್ಪ," ಅಂದರು ಮೇಷ್ಟ್ರು. "ಅದು ಕರ್ನಾಟಕದಲ್ಲಿ ನಿಂತ್ಕೊಂತು."

ಅಮ್ಮಾವ್ರು ಅಲ್ಲೇ ಇಳಿದರು. "ನಾನು ನಿಲ್ಸಿ ಅಂದ್ ಜಾಗದಾಗೆ ಈ ಕಾರು ಯಾವತ್ತು ನಿಲ್ತದೋ ಅವತ್ತು ಕೂರ್ತೀನಿ. ಅಲ್ಲೀಗಂಟ ನಂಗೆ ಬಸ್ಸೇ ಸಾಕು," ಅಂದವರು ಒಂಬತ್ತು ವರ್ಷ ಆ ಕಾರಿನ ಬಾಗಿಲು ಮುಟ್ಟಲಿಲ್ಲ.

ಅವರ ತವರು ತೊರಪಲ್ಲಿ ಅಗ್ರಹಾರ, ಹೊಸೂರಿಗೆ ಹತ್ತಿರವೇ. ಹೋಗುವಾಗ ಅಮ್ಮಾವ್ರು ಬಸ್ಸಿನಲ್ಲಿ, ಅವರ ಬ್ಯಾಗು ಕಾರಿನಲ್ಲಿ. ಹೆಂಡತಿ ಭಾರ ಹೊರಬಾರದೆಂದು ಮೇಷ್ಟ್ರು ಬಸ್ಸಿನ ಹಿಂದೆಯೇ ಕಾರು ಬಿಟ್ಟುಕೊಂಡು ಹೋಗುತ್ತಿದ್ದರು. ಆದರೆ ಬಸ್ಸು ಸ್ಟಾಪಿನಲ್ಲಿ ನಿಲ್ಲುತ್ತಿತ್ತು, ಕಾರು ನಿಲ್ಲುತ್ತಿರಲಿಲ್ಲ. ಹೀಗಾಗಿ ಒಂಬತ್ತು ವರ್ಷವೂ ಬ್ಯಾಗು ಅಮ್ಮಾವ್ರಿಗಿಂತ ಮೊದಲೇ ತವರು ಸೇರುತ್ತಿತ್ತು.

೨. ಗ್ರಾಫ್ ಹಾಳೆ

ನಮಗೆಲ್ಲ ಇದು ತಮಾಷೆ. ಮೇಷ್ಟ್ರಿಗೆ ಮಾತ್ರ ಒಳಗೊಳಗೇ ಬೇಸರ. ಯಾರೂ ಕೂರದ ಪಕ್ಕದ ಸೀಟನ್ನು ಅವರು ದಿನಾ ಬೆಳಿಗ್ಗೆ ಒರೆಸಿಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಒಂದು ದಿನ ಶೆಡ್ಡಿಗೆ ಬಂದರು.

"ಲೇ, ಅವ್ಳು ಈ ಕಾರಲ್ಲಿ ಕೂರ್ಬೇಕು ಕಣ್ಲಾ. ಏನಾರ ಮಾಡು."

ಆಗ ತಾನೇ ಹೊಸ ಸಣ್ಣ ಕಾರುಗಳು ರಸ್ತೆಗೆ ಬಂದಿದ್ದವು. ಅವುಗಳ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು. ಡಬ್ಬಿ ಇಲ್ಲ, ಶೂ ಇಲ್ಲ. ಚಕ್ರದ ಜೊತೆ ತಿರುಗುವ ಒಂದು ಕಬ್ಬಿಣದ ತಟ್ಟೆ, ಅದನ್ನು ಎರಡೂ ಕಡೆಯಿಂದ ಗಪ್ಪನೆ ಹಿಡಿಯುವ ಒಂದು ಕ್ಯಾಲಿಪರ್. ಬೆಂಗಳೂರಿನ ಗುಜರಿಯಲ್ಲಿ ಅಪ್ಪಚ್ಚಿಯಾದ ಒಂದು ಕಾರಿನಿಂದ ಡಿಸ್ಕು, ಕ್ಯಾಲಿಪರ್ ಎರಡು ಜೊತೆ ಬಿಚ್ಚಿಸಿ ತಂದೆ. ಹಳೆ ಕಾರಿಗೆ ಅದನ್ನು ಕೂರಿಸಲು ನಡುವೆ ಒಂದು ಬ್ರಾಕೆಟ್ ಬೇಕು. ಅದನ್ನು ಮಾಡುವುದು ನನ್ನ ಕೆಲಸ, ಲೆಕ್ಕ ಹಾಕುವುದು ಮೇಷ್ಟ್ರದು. ಬೇರೆ ಯಾರಾದರೂ ಲೆಕ್ಕ ಹಾಕಲು ಅವರು ಬಿಡುವುದುಂಟೇ.

ಕಂಪಾಸ್ ಬಾಕ್ಸ್ ತಂದರು, ಗ್ರಾಫ್ ಹಾಳೆ ತಂದರು. ನಾನು ಬ್ರಾಕೆಟ್ ಮಾಡಿದೆ, ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಹೆಚ್ಚಾಯಿತು ಎಂದು ವಾಪಸು ಕೊಟ್ಟರು. ಇನ್ನೊಂದು ಮಾಡಿದೆ, ಅಂಚು ನೀಟಾಗಿಲ್ಲ ಎಂದರು. ಮೂರನೆಯದಕ್ಕೆ "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ನೂರಕ್ಕೆ ನೂರು. ಡಿಸ್ಕು ಕೂತಿತು, ಕ್ಯಾಲಿಪರ್ ಕೂತಿತು, ಒಂದು ಕೂದಲಿನಷ್ಟೂ ಆಚೀಚೆ ಇಲ್ಲ. ಇಬ್ಬರೂ ಟೀ ಕುಡಿದು ಚಕ್ರ ಎತ್ತಿ ಹಾಕಲು ಹೋದೆವು. ಚಕ್ರ ಒಳಗೆ ಹೋಗಲೇ ಇಲ್ಲ. ರಿಮ್ಮು ಕ್ಯಾಲಿಪರ್‌ಗೆ ತಗಲಿ ಹೊರಗೇ ನಿಂತಿತು.

"ಮೇಷ್ಟ್ರೇ, ಈ ಲೆಕ್ಕದಾಗೆ ಚಕ್ರ ಎಲ್ಲೈತೆ?" ಅಂದೆ.

ಮೇಷ್ಟ್ರು ಗ್ರಾಫ್ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಹಬ್ಬು ಇತ್ತು, ಡಿಸ್ಕು ಇತ್ತು, ಎಂಟು ಬೋಲ್ಟಿಗೂ ನಂಬರ್ ಇತ್ತು. ಚಕ್ರ ಮಾತ್ರ ಇರಲಿಲ್ಲ. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ನೋಡಿದರು. ಆಮೇಲೆ ಮೆಲ್ಲಗೆ ಕೈ ಎತ್ತಿ, ತಮ್ಮ ಕಿವಿಯನ್ನು ತಾವೇ ಹಿಡಿದುಕೊಂಡರು.

೩. ನಿಂತದ್ದೇ ನಿಂತದ್ದು

ಡಿಸ್ಕಿಗೂ ಚಕ್ರಕ್ಕೂ ನಡುವೆ ಒಂದು ದಪ್ಪ ರಿಂಗು ಕೊಟ್ಟು, ಉದ್ದನೆಯ ಬೋಲ್ಟು ಹಾಕಿ ಚಕ್ರವನ್ನು ಹೊರಕ್ಕೆ ಸರಿಸಿದ್ದಾಯಿತು. ಬಾಗಲೂರು ರಸ್ತೆಯಲ್ಲಿ ಟ್ರಯಲ್‌ಗೆ ಹೊರಟೆವು. ಮೇಷ್ಟ್ರು ಒತ್ತಿದರು, ಕಾರು ಒತ್ತಿದ ಜಾಗದಲ್ಲೇ ನಿಂತಿತು. ನನ್ನ ಹಣೆ ಗಾಜಿಗೆ ಬಡಿಯಿತು. ಮೇಷ್ಟ್ರಿಗೆ ಅದರ ಪರಿವೆಯೇ ಇಲ್ಲ. ಕೆಳಗಿಳಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ನಿಂತದೆ ಕಣ್ಲಾ," ಅಂದರು. "ನೋಡು, ನಿಂತೇ ಅದೆ."

ಅದೇ ತೊಂದರೆ. ಅದು ನಿಂತೇ ಇತ್ತು. ಮತ್ತೆ ಹತ್ತಿ ಗೇರು ಹಾಕಿದರೆ ಎಂಜಿನ್ನು ಗುರ್ ಅಂದಿತು, ಚಕ್ರ ಅಲುಗಲಿಲ್ಲ. ಹಿಡಿದ ಬ್ರೇಕು ಬಿಡುತ್ತಲೇ ಇರಲಿಲ್ಲ. ಹಿಂದೆ ಒಂದು ಎತ್ತಿನಗಾಡಿ ಬಂದು ನಿಂತಿತು. "ಏನ್ಲಾ, ಕಾರು ಮಲ್ಗ್‌ಬುಡ್ತಾ?" ಅಂದ ಗಾಡಿಯವನು. ಅದರ ಹಿಂದೆ ಬಸ್ಸು ಬಂತು. ಕಂಡಕ್ಟರು ಇಳಿದು ಬಂದು "ವಂಡಿಯೆ ಎಡುಂಗ ಸಾರ್" ಎಂದು ತಮಿಳಿನಲ್ಲಿ ಕೂಗತೊಡಗಿದ. ಗಾಡಿ ತೆಗೆಯಲು ಬಂದರಲ್ಲವೇ ತೆಗೆಯುವುದು.

ನಾನು ಕಾರಿನ ಕೆಳಗೆ ತೂರಿದೆ. ಆಗಲೇ ಹೊಳೆದದ್ದು. ಬ್ರೇಕಿಗೆ ಎಣ್ಣೆ ಒತ್ತುವ ಸಿಲಿಂಡರು ಹಳೆಯದು. ಡ್ರಮ್ಮಿನ ಕಾಲದ್ದಾದ್ದರಿಂದ ಎಣ್ಣೆಯನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುವ ಒಂದು ಪುಟ್ಟ ವಾಲ್ವು ಅದರಲ್ಲಿತ್ತು. ಡ್ರಮ್ಮಿಗೆ ಅದು ಬೇಕು, ಡಿಸ್ಕಿಗೆ ಅದು ಶನಿ. ಪೈಪಿನ ನಟ್ಟು ಸಡಿಲಿಸಿದೆ. ಬ್ರೇಕಿನ ಎಣ್ಣೆಯೆಲ್ಲ ನನ್ನ ಮುಖಕ್ಕೆ ಚಿಮ್ಮಿ, ಕಾರು ಉಸಿರು ಬಿಟ್ಟಿತು.

ಮುಖ ಒರೆಸಿಕೊಂಡು ಎದ್ದರೆ ಬಸ್ಸಿನ ಕಿಟಕಿಯಲ್ಲಿ ಅಮ್ಮಾವ್ರು. ಸೊಪ್ಪು ತರಕಾರಿ ಕೊಳ್ಳಲು ಬಾಗಲೂರಿಗೆ ಹೊರಟಿದ್ದರು. ಗಂಡನನ್ನೂ ನೋಡಿದರು, ನನ್ನನ್ನೂ ನೋಡಿದರು.

"ಮೊದ್ಲು ನಿಲ್ತಿರ್ಲಿಲ್ಲ," ಅಂದರು. "ಈಗ ಹೋಗ್ತಿಲ್ಲ. ರಿಪೇರಿ ಚೆನ್ನಾಗ್ ಮಾಡಿದ್ದೀಯಪ್ಪ."

೪. ಇನ್ಸ್‌ಪೆಕ್ಟರ ಮೂರು ನಮಸ್ಕಾರ

ವಾಲ್ವು ತೆಗೆದ ಮೇಲೆ ಬ್ರೇಕು ಹಿಡಿಯುತ್ತಿತ್ತು, ಬಿಡುತ್ತಿತ್ತು. ಅಷ್ಟರಲ್ಲಿ ಕಾರಿನ ಆರ್.ಸಿ. ಪುಸ್ತಕ ರಿನ್ಯೂ ಮಾಡಿಸುವ ಸಮಯ ಬಂತು. ಅದಕ್ಕೆ ಬ್ರೇಕ್ ಇನ್ಸ್‌ಪೆಕ್ಟರು ಗಾಡಿ ನೋಡಬೇಕು. ಗಾಡಿಯ ಎಲ್ಲವನ್ನೂ ನೋಡಿದರೂ ನಮ್ಮ ಕಡೆ ಅವರಿಗೆ ಅದೇ ಹೆಸರು. ತಮಿಳಿನವರು, ದಪ್ಪ ಮೀಸೆ, ಇಸ್ತ್ರಿ ಮುರಿಯದ ಟೋಪಿ. ಮೈದಾನದ ಆ ತುದಿಯಲ್ಲಿ ಸುಣ್ಣದ ಗೆರೆ ಎಳೆಸಿ, ಮೇಷ್ಟ್ರ ಪಕ್ಕದಲ್ಲಿ ಕೂತರು. ಹಿಂದಿನ ಸೀಟಿನಲ್ಲಿ ನಾನು.

"ಆ ಗೆರೆ ಹತ್ರ ನಿಲ್ಸಿ ಸಾರ್," ಅಂದರು ಅವರು, ತಮಿಳು ಬೆರೆತ ಕನ್ನಡದಲ್ಲಿ.

ಮೇಷ್ಟ್ರು ಹೊರಟರು. ಗೆರೆ ಇನ್ನೂ ದೂರದಲ್ಲಿತ್ತು. ಆದರೆ ಮೇಷ್ಟ್ರ ಕಾಲಿಗೆ ಹುಣಸೆಮರದ ಅಭ್ಯಾಸ. ಅರ್ಧ ಮೈದಾನದಲ್ಲೇ ಒತ್ತಿದರು, ಬಿಟ್ಟರು, ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಹೊಸ ಬ್ರೇಕಿಗೆ ಇದೆಲ್ಲ ಎಲ್ಲಿ ಗೊತ್ತು? ಒತ್ತಿದಾಗಲೆಲ್ಲ ಮನಸ್ಸಿಟ್ಟು ಹಿಡಿಯಿತು. ಕಾರಿನ ಮೂತಿ ಮೂರು ಸಲ ಬಗ್ಗಿತು. ಅದರ ಜೊತೆ ಇನ್ಸ್‌ಪೆಕ್ಟರೂ ಮೂರು ಸಲ ಬಗ್ಗಿದರು. ಮೊದಲನೆಯದಕ್ಕೆ ಟೋಪಿ ಬಿತ್ತು, ಎರಡನೆಯದಕ್ಕೆ ಪೆನ್ನು ಬಿತ್ತು, ಮೂರನೆಯದಕ್ಕೆ ಹಣೆ ಡ್ಯಾಷ್‌ಬೋರ್ಡು ಮುಟ್ಟಿತು. ದೂರದಿಂದ ನೋಡಿದವರಿಗೆ ಅವರು ಮೇಷ್ಟ್ರ ಕಾರಿಗೆ ನಮಸ್ಕಾರ ಮಾಡುತ್ತಿರುವಂತೆ ಕಂಡಿರಬೇಕು.

"ಪೋದುಂ ಸಾರ್, ಪೋದುಂ," ಅಂದರು. ಸಾಕಾಗಿತ್ತು ಅವರಿಗೆ. ಗೆರೆ ಇನ್ನೂ ಇನ್ನೂರು ಅಡಿ ಆಚೆ ಇತ್ತು. ಸೀಟಿನ ಕೆಳಗಿಂದ ಪೆನ್ನು ಹುಡುಕಿ ತೆಗೆದು, ಪುಸ್ತಕಕ್ಕೆ ಸಹಿ ಹಾಕಿ, ಕೆಳಗಿಳಿದು ನನ್ನನ್ನು ಪಕ್ಕಕ್ಕೆ ಕರೆದರು.

"ಬ್ರೇಕು ಪಾಸು," ಅಂದರು. "ಕಾಲು ಫೇಲು."

೫. ನಾಲ್ಕು ನಿಂಬೆಹಣ್ಣು

ಕಾಲನ್ನು ಲೇತಿಗೆ ಹಾಕಲಾಗುವುದಿಲ್ಲ. ಕಲಿಸಬೇಕು. ದಿನಾ ಸಂಜೆ ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋಗಿ, ಒಂದು ಕಲ್ಲಿಟ್ಟು, ಅದರ ಹತ್ತಿರ ನಿಲ್ಲಿಸಿ ಎಂದೆ. ಮೇಷ್ಟ್ರು ಒಂದೋ ಎಲ್ಲೋ ದೂರದಲ್ಲಿ ನಿಲ್ಲಿಸುತ್ತಿದ್ದರು, ಇಲ್ಲ ಕಲ್ಲಿನ ಮೇಲೆಯೇ ಹತ್ತಿಸುತ್ತಿದ್ದರು. ಕಲ್ಲಿನ ಮೇಲೆ ಹತ್ತಿದರೆ ಕಲ್ಲಿಗೇನು, ಮೇಷ್ಟ್ರಿಗೇನು? ಹತ್ತಿಸಿದರೆ ಅವರಿಗೆ ನಿಜವಾಗಿ ಭಯವಾಗುವಂಥದ್ದು ಬೇಕು ಅನ್ನಿಸಿತು.

ಅವರ ಹಿತ್ತಲಲ್ಲಿ ಒಂದು ನಿಂಬೆಗಿಡ ಇತ್ತು. ಅದು ಅಮ್ಮಾವ್ರ ಜೀವ. ಯಾವ ಕೊಂಬೆಯಲ್ಲಿ ಎಷ್ಟು ಕಾಯಿ ಎಂದು ಬಾಯಲ್ಲೇ ಹೇಳುತ್ತಿದ್ದರು. ಅದರದೇ ಒಂದು ಹಣ್ಣು ಕದ್ದು ತನ್ನಿ ಎಂದೆ. ಮೊದಲ ದಿನ ಹಣ್ಣು ಅಪ್ಪಚ್ಚಿಯಾಯಿತು. ಎರಡನೆಯ ದಿನವೂ ಆಯಿತು. ಅವತ್ತು ರಾತ್ರಿ ಊಟದ ಹೊತ್ತಿಗೆ ಅಮ್ಮಾವ್ರು "ರೀ, ಎಡಗಡೆ ಕೊಂಬೇಲಿ ಎರಡು ಕಮ್ಮಿ ಅವೆ" ಅಂದರಂತೆ. ಮೂರನೆಯ ದಿನದಿಂದ ಮೇಷ್ಟ್ರು ಹಣ್ಣಿನಿಂದ ಸರಿಯಾಗಿ ಒಂದು ಗೇಣು ಹಿಂದೆ ನಿಲ್ಲಿಸತೊಡಗಿದರು. ವಾರ ಕಳೆಯುವಷ್ಟರಲ್ಲಿ ನಿಂಬೆಹಣ್ಣು ಕಂಡರೆ ಸಾಕು, ಅವರ ಕಾಲು ಅವರನ್ನು ಕೇಳದೆ ಬ್ರೇಕಿಗೆ ಹೋಗುತ್ತಿತ್ತು. ನನಗೆ ನನ್ನ ಬುದ್ಧಿಯ ಮೇಲೆ ಭಾರಿ ಹೆಮ್ಮೆಯಾಯಿತು.

ಶುಕ್ರವಾರ ಗುಡಿಯ ಮುಂದೆ ಗಾಡಿ ಪೂಜೆ. ಪೂಜೆಯಾಗಿ ಗಾಡಿ ಮುಂದೆ ಹೋದ ಮೇಲೆ ಅಮ್ಮಾವ್ರು ಪರೀಕ್ಷೆ ಮಾಡುವುದು, ಪಾಸಾದರೆ ಕೂರುವುದು ಎಂದು ಮಾತಾಗಿತ್ತು. ಮೇಷ್ಟ್ರು ಬಿಳಿ ಪಂಚೆ ಉಟ್ಟು ಬಂದಿದ್ದರು. ಪೂಜಾರಿ ಮಂಗಳಾರತಿ ಮಾಡಿದರು, ಬೂದುಗುಂಬಳ ಒಡೆದರು, ನಾಲ್ಕು ಟೈರಿನ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಆ ನಾಲ್ಕೂ ಅಮ್ಮಾವ್ರು ತಮ್ಮ ಗಿಡದಿಂದ ಕಿತ್ತು ತಂದವು.

"ಹತ್ತಿಸ್ಕೊಂಡು ಹೋಗಿ ಮೇಷ್ಟ್ರೇ," ಅಂದರು ಪೂಜಾರಿ.

ಕಾರು ಒಂದು ಬೆರಳಿನಷ್ಟು ಅಲುಗಿ ನಿಂತಿತು. ಮತ್ತೆ ಹೊರಟಿತು, ಮತ್ತೆ ನಿಂತಿತು.

"ಹಣ್ಣು ಜಜ್ಜಬೇಕು ಮೇಷ್ಟ್ರೇ. ಜಜ್ಜದಿದ್ರೆ ದೃಷ್ಟಿ ಹೋಗಲ್ಲ."

"ಗೊತ್ತು ಸ್ವಾಮಿ. ಕಾಲು ಕೇಳ್ತಿಲ್ಲ."

ಹಿಂದೆ ಪೂಜೆಗೆ ಬಂದ ಒಂದು ಟ್ರ್ಯಾಕ್ಟರು, ಎರಡು ಸ್ಕೂಟರು ಕಾಯುತ್ತಿದ್ದವು. ಪೂಜಾರಿಗೆ ಅವಸರ. ಮೇಷ್ಟ್ರ ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಒಂಬತ್ತು ವರ್ಷ ನಿಲ್ಲುವುದಿಲ್ಲವೆಂದು ನಗೆಪಾಟಲಾದ ಕಾರು ಈಗ ನಾಲ್ಕು ಹಣ್ಣಿನ ಮುಂದೆ ಹೆದರಿ ನಿಂತಿತ್ತು. ಪಾಪ, ಅವರ ಮುಖ ನೋಡಲಾರದೆ ನಾನು ಬೇರೆ ಕಡೆ ತಿರುಗಿಕೊಂಡೆ. ತಪ್ಪು ನನ್ನದೇ.

ಆಗ ಅಮ್ಮಾವ್ರು ಸರಸರನೆ ಬಂದರು. ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತರು.

"ಹಣ್ಣು ನಂದು. ನಾನೇ ಹೇಳ್ತಿದ್ದೀನಿ, ಲೆಕ್ಕ ಕೇಳಲ್ಲ. ಹತ್ತಿಸಿ."

ಪಿಚಕ್ ಎಂದಿತು. ನಾಲ್ಕೂ ಒಂದೇ ಸಲಕ್ಕೆ. ಕಾರು ಮುಂದೆ ಹೋಗಿ ಊರಬಾಗಿಲಿನ ಹತ್ತಿರ ಬಂದಿತು, ಪಕ್ಕದಲ್ಲೇ ಓಡುತ್ತ ನಾನೂ ಬಂದೆ. "ನಿಲ್ಸಿ," ಅಂದರು ಅಮ್ಮಾವ್ರು. ನಿಂತಿತು. "ಹೊರಡಿ," ಅಂದರು. "ನಿಲ್ಸಿ." ಅಂದಲ್ಲೇ ನಿಂತಿತು. ಮೂರನೆಯ ಸಲ ನಿಂತಾಗ ಅವರಿಗೆ ತಾವು ಕಾರಿನೊಳಗೆ ಕೂತಿರುವುದು ಗಮನಕ್ಕೆ ಬಂತು. ಸೀಟನ್ನು ಒಮ್ಮೆ ಸವರಿ ನೋಡಿದರು. "ಧೂಳೇ ಇಲ್ವಲ್ಲ," ಅಂದರು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಆ ದಿನ ಇಬ್ಬರೂ ಬ್ಯಾಗಿನ ಸಮೇತ ಒಂದೇ ಗಾಡಿಯಲ್ಲಿ ತೊರಪಲ್ಲಿ ಸೇರಿದರು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಅಮ್ಮಾವ್ರು ಅಪ್ಪಣೆ ಕೊಟ್ಟದ್ದು ಆ ನಾಲ್ಕು ಹಣ್ಣಿಗೆ ಮಾತ್ರ. ಅಮಾವಾಸ್ಯೆ ಬಂತು. ಅಮಾವಾಸ್ಯೆ ದಿನ ನಮ್ಮೂರಲ್ಲಿ ಪ್ರತಿ ಅಂಗಡಿಯವರೂ ದೃಷ್ಟಿ ತೆಗೆದು ನಿಂಬೆಹಣ್ಣನ್ನು ರಸ್ತೆಗೆ ಎಸೆಯುತ್ತಾರೆ. ಗಂಡ ಹೆಂಡಿರು ಜೋರಾಗಿ ತವರಿಗೆ ಹೊರಟರು. ಬಟ್ಟೆ ಅಂಗಡಿ ಮುಂದೆ ಕಾರು ನಿಂತಿತು. ಔಷಧಿ ಅಂಗಡಿ ಮುಂದೆ ನಿಂತಿತು. ಪಾತ್ರೆ ಅಂಗಡಿಯ ಮುಂದೆ ಮೂರು ಹಣ್ಣಿದ್ದವು, ಮೂರು ಸಲ ನಿಂತಿತು. ಪ್ರತಿ ಸಲವೂ ಮೇಷ್ಟ್ರು ಇಳಿದು ಹೋಗಿ ಹಣ್ಣನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಬಂದರು. ಹಿಂದಿನ ಲಾರಿಯವನು ಹಾರನ್ ಒತ್ತಿ ಒತ್ತಿ ಸುಸ್ತಾಗಿ ಎಂಜಿನ್ ಆಫ್ ಮಾಡಿದ. ಐದನೆಯ ಅಂಗಡಿಯ ಹತ್ತಿರ ಅಮ್ಮಾವ್ರು ಬಾಗಿಲು ತೆಗೆದು ಇಳಿದರು.

"ಬಾಕಿ ದಿನ ಎಲ್ಲ ಕಾರಲ್ಲೇ ಬತ್ತೀನಿ," ಅಂದರು. "ಅಮಾಸೆ ಒಂದಿನ ನಂಗೆ ಬಸ್ಸಿರ್ಲಿ."

ಬ್ಯಾಗನ್ನು ಮಾತ್ರ ಮೇಷ್ಟ್ರು ಕೊಡಲಿಲ್ಲ. ಹೆಂಡತಿ ಭಾರ ಹೊರಬಾರದಲ್ಲ. ಹಳೆಯ ಕ್ರಮದಂತೆ ಅಮ್ಮಾವ್ರು ಬಸ್ಸಿನಲ್ಲಿ ಹೊರಟರು, ಬ್ಯಾಗು ಕಾರಿನಲ್ಲಿ ಹೊರಟಿತು. ಹೊಸೂರಿನಿಂದ ತೊರಪಲ್ಲಿಗೆ ಆ ಬ್ಯಾಗು ಮೊಟ್ಟಮೊದಲ ಬಾರಿಗೆ ಅಮ್ಮಾವ್ರಿಗಿಂತ ಎರಡು ಗಂಟೆ ತಡವಾಗಿ ಹೋಗಿ ಸೇರಿತು.